ಪೂರ್ವಜನ ಹೆಜ್ಜೆ: ಶಲವಡಿ ಸೀಮೆಯ ಯುದ್ಧ, ಭೂಮಿ ಮತ್ತು ವಾರಸುದಾರಿಕೆಯ ದಾಖಲೆಗಳು

ಮನುಷ್ಯನು ತನ್ನ ಮೂಲವನ್ನು ತಿಳಿಯಬಯಸುವುದು ಸಹಜವಾದ ಗುಣ. ಮೂರು ತಲೆಮಾರುಗಳ ಹೆಸರನ್ನು ಬಹುತೇಕ ಎಲ್ಲರೂ ಬಲ್ಲರು. ನಾಲ್ಕನೆಯದಕ್ಕೆ ಮನೆಯ ಹಿರಿಯರನ್ನು ಕೇಳಬೇಕಾಗುತ್ತದೆ. ಐದನೆಯದಕ್ಕೆ ಹೋದರೆ ಹಿರಿಯರೂ ಮೌನ ತಾಳುತ್ತಾರೆ. ಧಾರವಾಡ ಜಿಲ್ಲೆಯ ನವಲಗುಂದ ಸೀಮೆಯ ಶಲವಡಿಯಂಥ ಎರೆನೆಲದ ಗ್ರಾಮಗಳಲ್ಲಿ ಒಂದೇ ಹೊಲವನ್ನು ತಲೆತಲಾಂತರದಿಂದ ಉತ್ತು ಬಿತ್ತಿಕೊಂಡು ಬಂದ ಮನೆತನಗಳಿವೆ. ಅಂತಹ ಮನೆತನದವರೊಬ್ಬರು ಹದಿನೆಂಟನೆಯ ಶತಮಾನದಲ್ಲಿ ಬಾಳಿದ ತಮ್ಮ ಮೂಲಪುರುಷನನ್ನು ಹುಡುಕಲು ಹೊರಟರೆ ಅವರಿಗೆ ನೆರವಾಗುವ ಆಧಾರಗಳು ಯಾವುವು, ಆ ಆಧಾರಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದು ವಿಚಾರಯೋಗ್ಯವಾದ ವಿಷಯವಾಗಿದೆ.

ಈ ಹುಡುಕಾಟದ ಮೊದಲ ಮೆಟ್ಟಿಲು ಕಾಗದವಲ್ಲ, ನಾಲಿಗೆ. ಉತ್ತರ ಕರ್ನಾಟಕದಲ್ಲಿ ಹೆಳವರು ಎಂಬ ಸಮುದಾಯದವರು ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಕೆಲವು ವರ್ಷಗಳಿಗೊಮ್ಮೆ ಊರೂರಿಗೆ ಬಂದು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ ಕಾಳುಕಡಿ, ಬಟ್ಟೆಬರೆಗಳನ್ನು ಪಡೆದುಕೊಂಡು ಹೋಗುವ ಪದ್ಧತಿ ಬಹುಕಾಲದಿಂದ ಇದೆ. ಮನೆತನ ಮೊದಲು ಯಾವ ಊರಿನಲ್ಲಿತ್ತು, ಯಾವ ಕಾರಣದಿಂದ ಅಲ್ಲಿಂದ ಎದ್ದು ಬಂದಿತು, ಅಣ್ಣತಮ್ಮಂದಿರು ಎಲ್ಲೆಲ್ಲಿ ಹಂಚಿಹೋದರು ಎಂಬುದನ್ನು ಅವರು ಬಾಯಿಪಾಠದಿಂದಲೂ ತಮ್ಮ ಹೊತ್ತಿಗೆಗಳಿಂದಲೂ ಹೇಳುತ್ತಾರೆ. ಹೆಸರುಗಳ ಸರಣಿಗೆ ಇದಕ್ಕಿಂತ ಸಮೀಪದ ಆಧಾರ ಬೇರೊಂದಿಲ್ಲ. ಆದರೆ ಹೆಳವರ ವಂಶಾವಳಿಯಲ್ಲಿ ಹೆಸರಿರುತ್ತದೆ, ಇಸವಿ ಇರುವುದು ವಿರಳ. ಅದರ ಮೇಲೆ ನಮ್ಮ ಸೀಮೆಯಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವುದರಿಂದ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ ಎಂದು ಎರಡೇ ಹೆಸರುಗಳು ಸರದಿಯಂತೆ ಬರುತ್ತವೆ. ಯಾವ ಬಸಪ್ಪ ಯಾವ ಕಾಲದವನು ಎಂಬುದನ್ನು ನಿರ್ಣಯಿಸಲು ಬೇರೆ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಮೂರು ಬಗೆಯ ದಾಖಲೆಗಳು ಒದಗಿಸುತ್ತವೆ: ಯುದ್ಧದವು, ಭೂಮಿಯವು, ವಾರಸುದಾರಿಕೆಯವು.

ಮೊದಲನೆಯದಾಗಿ ಯುದ್ಧ. ಹದಿನೆಂಟನೆಯ ಶತಮಾನದ ಧಾರವಾಡ ಸೀಮೆ ಒಬ್ಬ ದೊರೆಯ ಕೈಯಲ್ಲಿ ನೆಮ್ಮದಿಯಿಂದ ಇದ್ದುದು ಕಡಿಮೆ. ಸವಣೂರಿನ ನವಾಬರ ಆಳ್ವಿಕೆಯಲ್ಲಿದ್ದ ಈ ಭಾಗದ ಬಹುಪಾಲನ್ನು ಪೇಶವೆಯವರು ಶತಮಾನದ ಮಧ್ಯಭಾಗದಲ್ಲಿ ತಮ್ಮದಾಗಿಸಿಕೊಂಡರು; 1756ರಲ್ಲಿ ಸವಣೂರಿಗೇ ಮುತ್ತಿಗೆ ಬಿದ್ದಿತು. 1778ರ ಹೊತ್ತಿಗೆ ಧಾರವಾಡದ ಕೋಟೆ ಹೈದರಾಲಿಯ ವಶವಾಯಿತು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನವಲಗುಂದದ ನೆರೆಯ ನರಗುಂದವನ್ನು ಮುತ್ತಿ ಅಲ್ಲಿಯ ವೆಂಕಟರಾವ್ ಭಾವೆಯನ್ನು ಸೆರೆಹಿಡಿಯಿತು. ಕಿತ್ತೂರಿನ ಮೇಲೆಯೂ ಏರಿಹೋಯಿತು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ನರಗುಂದ, ಕಿತ್ತೂರು, ಬಾದಾಮಿಗಳನ್ನು ಮರಾಠರಿಗೆ ಬಿಟ್ಟುಕೊಡಲು ಟಿಪ್ಪು ಒಪ್ಪಿದನು. ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಯುದ್ಧ ಬಂದಿತು. 1790ರ ಕೊನೆಯ ತಿಂಗಳುಗಳಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವೂ ಪಟವರ್ಧನನ ದಂಡು ಮತ್ತು ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ ಧಾರವಾಡದ ಕೋಟೆಯನ್ನು ಸುತ್ತುಗಟ್ಟಿದವು. ಒಳಗಿದ್ದ ಬದ್ರುಜ್ಜಮಾನ್ ಖಾನನು ಆರು ತಿಂಗಳ ತರುವಾಯ ಕೋಟೆಯನ್ನು ಒಪ್ಪಿಸಿದನು. ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ ಈ ದಂಡಯಾತ್ರೆಯ ವೃತ್ತಾಂತವನ್ನು ಬರೆದು 1794ರಲ್ಲಿ ಪ್ರಕಟಿಸಿದನು.

ಇಂತಹ ಬರಹಗಳಲ್ಲಿ ಸಾಮಾನ್ಯ ಒಕ್ಕಲಿಗನ ಹೆಸರು ಸಿಕ್ಕುವುದಿಲ್ಲ. ಸರದಾರರ, ಕಿಲ್ಲೇದಾರರ ಹೆಸರುಗಳೇ ಸಿಕ್ಕುತ್ತವೆ. ಆದರೂ ಅವು ವಂಶಾವಳಿಗೆ ಕಾಲದ ಗೂಟವನ್ನು ನೆಡುತ್ತವೆ. 1791–92ರಲ್ಲಿ ಯುದ್ಧದ ಬೆನ್ನಿಗೇ ಬಂದ ಘೋರ ಕ್ಷಾಮವನ್ನು ಜನ ಡೋಗಿ ಬರವೆಂದು ಕರೆದರು. ಸುಡಲು ಹೂಳಲು ಜನರಿಲ್ಲದೆ ಸತ್ತವರ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದುದರಿಂದ ಆ ಹೆಸರು ಬಂದಿತೆಂದು ಹೇಳಿಕೆ. ಹೆಳವನು "ಬರ ಬಿದ್ದು ಊರು ಬಿಟ್ಟರು" ಎಂದು ಹೇಳಿದಾಗ, "ದಂಡು ಬಂದು ಮನೆ ಸುಟ್ಟಿತು" ಎಂದು ಹೇಳಿದಾಗ, ಆ ಮಾತನ್ನು ಯುದ್ಧದ ವೃತ್ತಾಂತದ ಪಕ್ಕದಲ್ಲಿಟ್ಟು ನೋಡಿದರೆ ಇಸವಿಯಿಲ್ಲದ ನೆನಪಿಗೆ ಒಂದು ಇಸವಿ ದೊರೆಯಲು ಅವಕಾಶವಾಗುತ್ತದೆ.

ಎರಡನೆಯದು ಭೂಮಿಯ ದಾಖಲೆ. ಇದನ್ನು ಮುಂದಿನಿಂದ ಹಿಂದಕ್ಕೆ ಓದಬೇಕು. ಇಂದಿನ ಉತಾರದಿಂದ ಹಳೆಯ ಕೈಬರಹದ ಪಹಣಿಗೆ, ಅಲ್ಲಿಂದ ವಾಟ್ನಿ ಪತ್ರಗಳಿಗೆ, ಅಲ್ಲಿಂದ 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ನಡೆದ ಮೊದಲ ಸರ್ವೆಗೆ ಹೋದರೆ ಹೊಲದ ನಂಬರು ಹುಟ್ಟಿದ ಕಾಲ ಮುಟ್ಟುತ್ತದೆ. ಅದರ ಹಿಂದೆ ನಂಬರಿಲ್ಲ. ಹೊಲಕ್ಕೆ ಹೆಸರಷ್ಟೇ ಇರುತ್ತದೆ. ಕೂರಿಗೆಯ ಲೆಕ್ಕದಲ್ಲಿ ಅಳತೆ, ಹಳ್ಳ, ಬೇವಿನ ಮರ, ಗುಡಿಗಳಿಂದ ಎಲ್ಲೆ. ಆ ಕಾಲದ ಲೆಕ್ಕಪತ್ರಗಳು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇವೆ. ಅವುಗಳಲ್ಲಿ ಕಾಲವನ್ನು ಅರಬ್ಬಿ ಅಂಕಿಪದಗಳ ಸುಹೂರ್ ಸನ್ನಿನಿಂದಲೋ ಫಸಲಿಯಿಂದಲೋ ಸೂಚಿಸಲಾಗಿದೆ. ಸುಹೂರ್ ಸನ್ 1191, ಫಸಲಿ 1200, ಶಕ 1712ರ ಸಾಧಾರಣ ಸಂವತ್ಸರ ಇವು ಮೂರೂ 1790–91ರಲ್ಲಿ ಬಂದು ಕೂಡುತ್ತವೆ. ಇದನ್ನು ಅರಿಯದೆ ಓದಿದವರು ತಮ್ಮ ಹಿರಿಯನನ್ನು ಅವನು ಬಾಳದ ಶತಮಾನದಲ್ಲಿ ಕೂಡಿಸಿಬಿಡುವ ಅಪಾಯವುಂಟು.

ಇನಾಮು ಭೂಮಿಯುಳ್ಳ ಮನೆತನಗಳಿಗೂ ದೇವಸ್ಥಾನ ಮಠಗಳಿಗೂ ಇನ್ನೊಂದು ಆಧಾರವಿದೆ. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ತನಿಖೆ ಆರಂಭವಾಯಿತು. 1852ರ ಹನ್ನೊಂದನೆಯ ಕಾಯಿದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಈ ಭೂಮಿ ಯಾರಿಗೆ, ಯಾವ ಸರಕಾರದಿಂದ, ಯಾವ ಸನದಿನ ಮೇಲೆ ಬಂದಿತು, ಮೊದಲ ಇನಾಮುದಾರನಿಂದ ಈಗಿನವನವರೆಗೆ ಸಂಬಂಧ ಹೇಗೆ ಎಂದು ಅಧಿಕಾರಿಗಳು ಕೇಳಿದರು. ಉತ್ತರವಾಗಿ ಮನೆತನಗಳು ಸನದುಗಳನ್ನೂ ವಂಶವೃಕ್ಷಗಳನ್ನೂ ಹಾಜರುಪಡಿಸಿದವು. ಅಜ್ಜನ ಹೆಸರನ್ನು ಸಾಬೀತುಪಡಿಸುವುದು ಅಂದು ಅಭಿಮಾನದ ವಿಷಯವಾಗಿರಲಿಲ್ಲ, ಅನ್ನದ ವಿಷಯವಾಗಿತ್ತು. ಯುದ್ಧದಲ್ಲಿ ಸುಟ್ಟುಹೋದ, ಬರಗಾಲದಲ್ಲಿ ಊರು ಬಿಟ್ಟಾಗ ಕಳೆದುಹೋದ ಸನದಿಗೆ ಬದಲಾಗಿ ಏನನ್ನು ತೋರಿಸಬೇಕೆಂದು ತಿಳಿಯದೆ ಎಷ್ಟೋ ಮನೆತನಗಳು ಭೂಮಿ ಕಳೆದುಕೊಂಡವು. ಹೀಗೆ ಒಂದು ತಲೆಮಾರಿಗೆ ಸಂಕಟ ತಂದ ವಿಚಾರಣೆಯ ಕಡತಗಳೇ ಇಂದಿನ ತಲೆಮಾರಿಗೆ ಹದಿನೆಂಟನೆಯ ಶತಮಾನದ ಬಾಗಿಲಾಗಿವೆ. ಗೌಡಕಿ ಮೊದಲಾದ ವತನುಗಳ ಬಗೆಗೂ 1874ರ ಮುಂಬಯಿ ವತನು ಕಾಯಿದೆಯ ಅಡಿಯಲ್ಲಿ ವಾರಸುದಾರರ ದಾಖಲೆಗಳು ಸಿದ್ಧವಾದವು.

ಮೂರನೆಯದು ವಾರಸುದಾರಿಕೆಯ ದಾಖಲೆ. ಇಂಗ್ಲೆಂಡಿನಲ್ಲಿ ಸತ್ತವನ ಮರಣಪತ್ರವನ್ನು ನ್ಯಾಯಾಲಯವು ಪ್ರಮಾಣೀಕರಿಸಿ ಇಟ್ಟುಕೊಳ್ಳುತ್ತಿದ್ದುದರಿಂದ ಅಲ್ಲಿಯವರಿಗೆ ಪೂರ್ವಜರ ಹುಡುಕಾಟ ಸುಲಭ. ನಮ್ಮ ಸೀಮೆಯ ಅವಿಭಕ್ತ ಕುಟುಂಬದಲ್ಲಿ ಮೃತ್ಯುಪತ್ರದ ರೂಢಿಯೇ ಇರಲಿಲ್ಲ. ಹಿಂದೂಗಳ ಮೃತ್ಯುಪತ್ರಗಳ ಕಾಯಿದೆ ಬಂದುದು 1870ರಲ್ಲಿ. ಮುಂಬಯಿ ಪ್ರಾಂತದಲ್ಲಿ ವಾರಸುದಾರರಿಗೆ ನ್ಯಾಯಾಲಯದಿಂದ ಮಾನ್ಯತೆ ಕೊಡುವ ವ್ಯವಸ್ಥೆ 1827ರ ಎಂಟನೆಯ ರೆಗ್ಯುಲೇಶನ್ನಿನಿಂದ ಏರ್ಪಟ್ಟಿತು. ಅದಕ್ಕೂ ಹಿಂದಿನ ಕಾಲಕ್ಕೆ ದತ್ತಕ ಪತ್ರ, ವಾಟ್ನಿ ಪತ್ರ, ಪಂಚರ ಮಹಜರು ಹಾಗೂ ವಾರಸಿಕೆ ಬದಲಾದಾಗ ಸರಕಾರಕ್ಕೆ ಸಲ್ಲಿಸಿದ ನಜರಾಣೆಯ ಲೆಕ್ಕ ಇವೇ ಆಧಾರ. ಈ ಕಾಗದಗಳ ಒಂದು ವಿಶೇಷವನ್ನು ಗಮನಿಸಬೇಕು. ಯುದ್ಧದ ವೃತ್ತಾಂತದಲ್ಲಿಯೂ ಭೂಮಿಯ ಲೆಕ್ಕದಲ್ಲಿಯೂ ತಾಯಂದಿರ ಹೆಸರು ಅಪರೂಪ. ಗಂಡನನ್ನು ಕಳೆದುಕೊಂಡವಳು ಮಗನನ್ನು ದತ್ತು ಪಡೆಯುವಾಗ ಮಾತ್ರ ಅವಳ ಹೆಸರು ಕಾಗದದ ಮೇಲೆ ಎದ್ದು ನಿಲ್ಲುತ್ತದೆ.

ಈ ಮೂರೂ ದಾಖಲೆಗಳು ಒಂದೇ ಮನೆತನದಲ್ಲಿ ಸೇರಿರುವ ಪ್ರಸಿದ್ಧ ನಿದರ್ಶನ ಕಿತ್ತೂರು ದೇಸಾಯಿ ಮನೆತನ. ಆ ಮನೆತನದ ಮಲ್ಲಸರ್ಜರು 1782ರಲ್ಲಿ ಪಟ್ಟಕ್ಕೆ ಬಂದರು. ಯುದ್ಧದ ದಾಖಲೆಯಲ್ಲಿ ಅವರು ಟಿಪ್ಪುವಿನ ಸೆರೆಗೆ ಬಿದ್ದು, ತಪ್ಪಿಸಿಕೊಂಡು ಮರಳಿದ ವೀರ. ಭೂಮಿಯ ದಾಖಲೆಯಲ್ಲಿ ಅವರು 1809ರಲ್ಲಿ ಪೇಶವೆಯೊಡನೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡಲು ಒಪ್ಪಿದ ಸಂಸ್ಥಾನಿಕ. 1816ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಮೂರನೆಯ ದಾಖಲೆ ಆರಂಭವಾಗುತ್ತದೆ. ಅವರ ಮಗ ಶಿವಲಿಂಗರುದ್ರಸರ್ಜರು ಮಕ್ಕಳಿಲ್ಲದೆ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರು ಸಾಯುವ ಮುನ್ನ ಮಾಸ್ತಮರಡಿ ಗೌಡರ ಮಗನನ್ನು ದತ್ತು ಪಡೆದಿದ್ದ ವಿಷಯದ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿದಾಗ ಅವನು ಅದರ ಸಹಿಯನ್ನೇ ಸಂಶಯಿಸಿದನು. ಆ ಒಂದು ಕಾಗದದ ಸತ್ಯಾಸತ್ಯತೆಯ ಪ್ರಶ್ನೆ 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸಾವಿನಲ್ಲಿಯೂ, ಡಿಸೆಂಬರಿನಲ್ಲಿ ಕಿತ್ತೂರು ಕೋಟೆಯ ಪತನದಲ್ಲಿಯೂ, ರಾಣಿ ಚೆನ್ನಮ್ಮನವರ ಸೆರೆಯಲ್ಲಿಯೂ ಕೊನೆಗಂಡಿತು. ಚೆನ್ನಮ್ಮನವರು 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದಲ್ಲಿ ಲಿಂಗೈಕ್ಯರಾದರು. ಅದೇ ದತ್ತುಪುತ್ರನ ಪರವಾಗಿ ಹೋರಾಡಿದ ಶೇತಸನದಿ ಸಂಗೊಳ್ಳಿ ರಾಯಣ್ಣ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಮೂವತ್ತನಾಲ್ಕು ವರ್ಷಗಳ ತರುವಾಯ ನರಗುಂದದಲ್ಲಿ ಅದೇ ಕಥೆ ಮರುಕಳಿಸಿತು. ಭಾಸ್ಕರರಾವ್ ಭಾವೆಯವರಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಅನುಮತಿ ನಿರಾಕರಿಸಿತು. 1858ರ ಮೇ ತಿಂಗಳಲ್ಲಿ ಅವರು ದಂಗೆಯೆದ್ದರು. ಸುರೇಬಾನದಲ್ಲಿ ಅಧಿಕಾರಿ ಮ್ಯಾನ್ಸನ್ ಹತನಾದನು. ಜೂನ್ 12ರಂದು ಬೆಳಗಾವಿಯಲ್ಲಿ ಭಾಸ್ಕರರಾಯರಿಗೆ ಗಲ್ಲಾಯಿತು. ಶಲವಡಿಯ ಸೀಮೆಗೆ ನರಗುಂದ ದೂರದ ಊರಲ್ಲ. ವಾರಸುದಾರ ಯಾರೆಂಬ ಪ್ರಶ್ನೆ ಎಷ್ಟು ಜೀವಗಳನ್ನು ಬಲಿ ತೆಗೆದುಕೊಂಡಿತೆಂಬುದನ್ನು ಈ ಭಾಗದ ಜನ ಕಣ್ಣಾರೆ ಕಂಡವರು.

ದೇಸಾಯರ ಮನೆತನಕ್ಕೆ ಅನ್ವಯಿಸಿದ ರೀತಿಯೇ ಒಕ್ಕಲು ಮನೆತನಕ್ಕೂ ಅನ್ವಯಿಸುತ್ತದೆ. ಹೆಳವನ ಬಾಯಿಂದ ಹೆಸರು, ಯುದ್ಧ ಮತ್ತು ಬರದ ವೃತ್ತಾಂತದಿಂದ ಕಾಲ, ಭೂಮಿಯ ಲೆಕ್ಕದಿಂದ ನೆಲೆ, ದತ್ತಕ ವಾಟ್ನಿಗಳಿಂದ ಸಂಬಂಧ. ಎರಡು ಆಧಾರಗಳು ಒಂದನ್ನೊಂದು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ ಇಡಬೇಕು. ಹೆಸರು ಒಂದೇ ಆಗಿದೆ ಎಂಬ ಮಾತ್ರಕ್ಕೆ ಪರರ ಅಜ್ಜನನ್ನು ತಮ್ಮವನೆಂದು ಬರೆದುಕೊಳ್ಳುವುದು ಸತ್ಯಕ್ಕೆ ಬಗೆದ ಅಪಚಾರ. ಅಡ್ಡಹೆಸರುಗಳನ್ನೂ ಪೂರ್ತಿಯಾಗಿ ನೆಚ್ಚಲಾಗದು. ಊರು ಬಿಟ್ಟು ಬಂದವರಿಗೆ ಬಿಟ್ಟ ಊರಿನ ಹೆಸರೇ ಅಡ್ಡಹೆಸರಾಗಿ ನಿಲ್ಲುವುದುಂಟು, ಮಾಡಿದ ಕಾಯಕವೇ ಹೆಸರಾಗುವುದೂ ಉಂಟು.

ಇಲ್ಲಿ ಶರಣಧರ್ಮದ ದೃಷ್ಟಿಯಿಂದ ಒಂದು ಪ್ರಶ್ನೆ ಏಳುತ್ತದೆ. ಕುಲದ ಹಿರಿಮೆಯನ್ನು ಅಲ್ಲಗಳೆದ ಹನ್ನೆರಡನೆಯ ಶತಮಾನದ ಶರಣರ ದಾರಿಯಲ್ಲಿ ನಡೆಯುವವರಿಗೆ ವಂಶಾವಳಿಯ ಹುಡುಕಾಟ ತಕ್ಕುದೇ? ಬಸವಣ್ಣನವರು ಉತ್ತಮ ಕುಲವೆನಿಸಿದ ಮನೆಯಲ್ಲಿ ಹುಟ್ಟಿಯೂ ಆ ಹುಟ್ಟನ್ನು ಹಿರಿದೆಂದು ಎಣಿಸಲಿಲ್ಲ. ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ತಮ್ಮ ಹಿರಿಯರೆಂದು ಕರೆದುಕೊಂಡರು. ಅವರ ವಂಶವೃಕ್ಷವನ್ನು ರಕ್ತ ಬರೆಯಲಿಲ್ಲ, ಅರಿವು ಬರೆಯಿತು. ಈ ಮಾತನ್ನು ದಾಖಲೆಗಳ ಎದುರು ಇಟ್ಟು ನೋಡಿದಾಗ ದಾಖಲೆಗಳ ಬಡತನ ಕಾಣುತ್ತದೆ. ಸನದಿನಲ್ಲಿ ಇನಾಮುದಾರನ ಹೆಸರಿದೆ, ಆ ಹೊಲದಲ್ಲಿ ಕಳೆ ಕಿತ್ತವಳ ಹೆಸರಿಲ್ಲ. ಮುತ್ತಿಗೆಯ ವೃತ್ತಾಂತದಲ್ಲಿ ಸರದಾರನ ಹೆಸರಿದೆ, ದಂಡಿಗೆ ಹುಲ್ಲು ನೀರು ಹೊತ್ತವನ ಹೆಸರಿಲ್ಲ. ಡೋಗಿ ಬರದಲ್ಲಿ ಬಯಲಿನಲ್ಲಿ ಬಿದ್ದ ಬುರುಡೆಗಳಿಗೆ ಯಾವ ಕಡತದಲ್ಲಿಯೂ ವಾರಸುದಾರರಿಲ್ಲ. ಅವರಾರೂ ಪೂರ್ವಜರಲ್ಲವೆಂದು ಹೇಳಲು ಬರುವುದಿಲ್ಲ.

ಆದುದರಿಂದ ಪೂರ್ವಜನ ಹುಡುಕಾಟ ಅಭಿಮಾನಕ್ಕಾಗಿ ನಡೆದರೆ ಅದು ಕಟ್ಟು. ಋಣದ ಅರಿವಿಗಾಗಿ ನಡೆದರೆ ಅದು ಬಿಡುಗಡೆ. ಲೂಟಿ, ಮುತ್ತಿಗೆ, ಬರ ಇಷ್ಟನ್ನೂ ದಾಟಿ ಬೀಜದ ಕಾಳನ್ನು ಉಣ್ಣದೆ ಉಳಿಸಿ, ಮುಂದಿನ ಮುಂಗಾರಿಗೆ ಮತ್ತೆ ಕೂರಿಗೆ ಹೂಡಿದ ಒಬ್ಬನಿದ್ದನು ಎಂಬುದೇ ಎಲ್ಲ ಕಡತಗಳ ಸಾರ. ಅವನ ಹೆಸರು ದೊರೆತರೆ ಸಂತೋಷ. ದೊರೆಯದಿದ್ದರೂ ಅವನು ಬಿತ್ತಿದ ಹೊಲ ಶಲವಡಿಯ ಎರೆನೆಲದಲ್ಲಿ ಇಂದಿಗೂ ಇದೆ. ಅದನ್ನು ಕಾಯಕವೆಂದು ಉಳುವವರೂ, ಬೆಳೆದುದನ್ನು ದಾಸೋಹಕ್ಕೆ ನೀಡುವವರೂ ಅವನ ನಿಜವಾದ ವಾರಸುದಾರರು.