ದಕ್ಷಿಣ ಬೆಂಗಳೂರಿನ ಮೋಟಾರು ಷೆಡ್ಡುಗಳು

ಜಯನಗರದ ಹಳೆಯ ಬ್ಲಾಕುಗಳಲ್ಲಿ ಇನ್ನೂ ಕೆಡವದೆ ಉಳಿದಿರುವ ಮನೆಗಳ ಮಗ್ಗುಲಲ್ಲಿ, ಕಾಂಪೌಂಡಿನ ಗೋಡೆಗೆ ಒತ್ತಿಕೊಂಡು, ಜೋಡಿ ಕದದ ಮರದ ಬಾಗಿಲೂ ಹೆಂಚಿನ ಅಥವಾ ಕಲ್ನಾರು ಶೀಟಿನ ಮಾಡೂ ಇರುವ ನೀಳವಾದ ಒಂದು ಕೋಣೆ ಅಲ್ಲಲ್ಲಿ ಕಾಣಸಿಗುತ್ತದೆ. ಹಿರಿಯರು ಅದನ್ನು ಮೋಟಾರು ಷೆಡ್ಡೆನ್ನುವರು. ಕಿರಿಯರಿಗೆ ಅದು ಗ್ಯಾರೇಜು. ಬಹುಪಾಲು ಷೆಡ್ಡುಗಳಲ್ಲಿ ಈಗ ತುಂಬಿರುವುದು ಹಳೆಯ ಪತ್ರಿಕೆಗಳ ಕಟ್ಟು, ತೂತು ಬಿದ್ದ ಕೊಳಗ, ಗಣೇಶನ ಹಬ್ಬದ ಮಂಟಪದ ಬಿಡಿಭಾಗಗಳು. ಆದರೆ ಕೆಲವೆಡೆ, ಸಂಜೆಯ ಹೊತ್ತು ಕದ ಅರ್ಧ ತೆರೆದಿರುವಾಗ ಇಣುಕಿದವರಿಗೆ, ಚಕ್ರಗಳನ್ನು ಕಳಚಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ ಒಂದು ಆಸ್ಟಿನ್ನೋ ಮಾರಿಸ್ ಮೈನರೋ, ಅದರ ಸುತ್ತ ಬಿಸ್ಕತ್ತಿನ ಡಬ್ಬಿಗಳಲ್ಲಿ ಗುರುತು ಹಚ್ಚಿ ವಿಂಗಡಿಸಿಟ್ಟ ನಟ್ಟು ಬೋಲ್ಟುಗಳೂ, ಅದರ ಕೆಳಗಿನಿಂದ ಹೊರಚಾಚಿದ ಮನೆಯ ಯಜಮಾನರ ಎರಡು ಪಾದಗಳೂ ಗೋಚರಿಸುವುವು.

ಹಳೆಯ ಕಾರನ್ನು ಮನೆಯಲ್ಲಿಯೇ ಬಿಚ್ಚಿ, ತಿದ್ದಿ, ಮೊದಲಿನ ಸ್ಥಿತಿಗೆ ತರುವ ಈ ಪದ್ಧತಿಯು ಧನಿಕರ ವಿಲಾಸದಿಂದ ಹುಟ್ಟಿತೆಂಬ ಸಾಮಾನ್ಯ ಭಾವನೆಯನ್ನು ನಾನು ಒಪ್ಪಲಾರೆ. ಅರಮನೆಗಳ ರೋಲ್ಸ್ ರಾಯ್ಸುಗಳ ಚರಿತ್ರೆಯೇ ಬೇರೆ; ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಕೂಡಿಸಿ ಕಾಪಾಡಿರುವಂತಹ ಮಹಾಸಂಗ್ರಹಗಳ ಚರಿತ್ರೆಯೂ ಬೇರೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮೋಟಾರು ಷೆಡ್ಡಿನಲ್ಲಿ ನಡೆಯುವ ಕೆಲಸಕ್ಕೆ ತಾಯಿ ಅಭಾವ. ವಿದ್ಯೆ ಕಲಿಸಿದ್ದು ಕಾರ್ಖಾನೆ. ಕಾರನ್ನು ತಯಾರಿಸುವ ಭಾಗ್ಯ ಕೈತಪ್ಪಿಹೋದ ಒಂದು ಊರು ಕಾರನ್ನು ಉಳಿಸುವ ವಿದ್ಯೆಯನ್ನು ಹೇಗೆ ಸಂಪಾದಿಸಿತೆಂಬುದೇ ಇದರ ಇತಿಹಾಸ.

ಕೈತಪ್ಪಿದ ಆ ಭಾಗ್ಯದ ಕಥೆಯನ್ನು ಮೊದಲು ಹೇಳಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾಗಿ ಬಹುಕಾಲ ಕಳೆದ ಮೇಲೆ, 1930ರ ದಶಕದ ಮಧ್ಯಭಾಗದಲ್ಲಿ, ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡುಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ರೂಪಿಸಿದರು. ಉದ್ಯಮಪತಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಮಾತುಕತೆ ನಡೆಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರವು ಕಾರ್ಖಾನೆಗೆ ಬೆಂಗಳೂರಿನಲ್ಲಿ ಆಶ್ರಯ ಕೊಡಲು ಉತ್ಸುಕವಾಗಿತ್ತು. ಆದರೆ ಎರಡನೆಯ ಮಹಾಯುದ್ಧ ಆರಂಭವಾಗಿದ್ದ ಆ ಕಾಲದಲ್ಲಿ ಬ್ರಿಟಿಷ್ ಭಾರತದ ಸರ್ಕಾರವು ಈ ಉದ್ಯಮಕ್ಕೆ ಬೆಂಬಲ ಕೊಡಲೊಲ್ಲದೆ ಹೋದುದರಿಂದ ಯೋಜನೆಯು ಕಾಗದದಲ್ಲಿಯೇ ಉಳಿಯಿತು. ವಾಲ್‌ಚಂದರ ಪ್ರೀಮಿಯರ್ ಕಾರ್ಖಾನೆಯು 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಬೆಂಗಳೂರಿಗೆ ದೊರೆತುದು, ಅದೇ ವಾಲ್‌ಚಂದರೂ ಅದೇ ಮೈಸೂರು ಸರ್ಕಾರವೂ ಕೈಜೋಡಿಸಿ 1940ರ ಡಿಸೆಂಬರಿನಲ್ಲಿ ಪ್ರಾರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಕಾರನ್ನು ಕೇಳಿದ ಊರಿಗೆ ವಿಮಾನ ಬಂದಿತು! ಆ ವಿಮಾನದ ಕಾರ್ಖಾನೆಯೂ ಯುದ್ಧಕಾಲದಲ್ಲಿ ಬಹುಮಟ್ಟಿಗೆ ಮಾಡಿದ ಕಾರ್ಯವಾದರೂ ಏನು? ಅಮೆರಿಕನ್ ವಾಯುಪಡೆಯ ವಿಮಾನಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸುವ ದುರಸ್ತಿ. ಯುದ್ಧ ಮುಗಿದ ಮೇಲೆ ಅದೇ ಕೈಗಳು ರೈಲಿನ ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿದುವು. ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ವಕ್ರರೇಖೆಗೆ ತರಬಲ್ಲ ಸಾವಿರಾರು ಮಂದಿ ಈ ಊರಿನಲ್ಲಿ ಹೀಗೆ ಸಿದ್ಧರಾದರು.

ಜಯನಗರಕ್ಕೆ ಅಸ್ತಿಭಾರ ಬಿದ್ದುದು 1948ರಲ್ಲಿ. ಆಗಿನ ಗವರ್ನರ್ ಜನರಲ್ ರಾಜಾಜಿಯವರು ಅದನ್ನು ನೆರವೇರಿಸಿದುದಕ್ಕೆ ಇಂದಿಗೂ ಅಶೋಕ ಸ್ತಂಭವು ಸಾಕ್ಷಿಯಾಗಿ ನಿಂತಿದೆ. ಬಡಾವಣೆಯ ಹೆಸರು ಮಹಾರಾಜ ಜಯಚಾಮರಾಜೇಂದ್ರ ಒಡೆಯರದು. ಪ್ಲೇಗಿನ ಭೀತಿಯಿಂದ 1898ರ ತರುವಾಯ ಬೆಳೆದ ಬಸವನಗುಡಿಯು ಮೋಟಾರು ಬರುವುದಕ್ಕೆ ಮುಂಚಿನ ಊರಾದುದರಿಂದ ಅಲ್ಲಿ ವಾಹನಕ್ಕೆ ಎಡೆಯನ್ನು ಆಮೇಲೆ ಹುಡುಕಬೇಕಾಯಿತು. ಜಯನಗರವಾದರೋ ಮೋಟಾರನ್ನು ಬಲ್ಲವರು ಗೆರೆ ಎಳೆದ ಊರು. ಅಗಲವಾದ ರಸ್ತೆ, ನಲವತ್ತಕ್ಕೆ ಅರವತ್ತು ಅಡಿಯ ನಿವೇಶನ, ಮನೆಯ ಸುತ್ತ ಬಿಡಲೇಬೇಕಾದ ತೆರಪು, ಇವು ಇದ್ದ ಕಾರಣ ಕಾರಿಲ್ಲದವನೂ ನಕ್ಷೆಯಲ್ಲಿ ಕಾರಿಗೊಂದು ಷೆಡ್ಡನ್ನು ಬರೆಸಿಬಿಡುತ್ತಿದ್ದನು. ನಮ್ಮ ಮಧ್ಯಮವರ್ಗದ ಭವಿಷ್ಯದ ಕಲ್ಪನೆಯು ಆ ಕಾಲದಲ್ಲಿ ಹತ್ತು ಅಡಿ ಅಗಲವಿತ್ತೆಂದು ಹಾಸ್ಯಕ್ಕೆ ಹೇಳಬಹುದು.

ಷೆಡ್ಡು ಕಟ್ಟಿದವನಿಗೆ ಕಾರು ದೊರೆಯುವುದು ಮಾತ್ರ ಸುಲಭವಾಗಿರಲಿಲ್ಲ. 1953ರಲ್ಲಿ ಸುಂಕ ಆಯೋಗವು ಕೊಟ್ಟ ವರದಿಯ ಅನಂತರ, ಹೊರಗಿನಿಂದ ಬಿಡಿಭಾಗ ತಂದು ಇಲ್ಲಿ ಬರಿದೆ ಜೋಡಿಸುತ್ತಿದ್ದ ಸಂಸ್ಥೆಗಳಿಗೆ ಎಡೆಯಿಲ್ಲವಾಗಿ, 1928ರಿಂದ ಮುಂಬಯಿಯಲ್ಲಿದ್ದ ಜನರಲ್ ಮೋಟಾರ್ಸೂ ಫೋರ್ಡೂ ಬಾಗಿಲು ಮುಚ್ಚಿದುವು. ಉಳಿದುವು ಮೂರೇ ಮೂರು ಮುಖ್ಯ ಕಾರುಗಳ ವಂಶ: ಕಲ್ಕತ್ತೆಯ ಬಳಿಯ ಉತ್ತರಪಾರಾದ ಹಿಂದೂಸ್ಥಾನ್ ಮೋಟಾರ್ಸಿನವರ ಲ್ಯಾಂಡ್‌ಮಾಸ್ಟರ್, ಅದರ ತರುವಾಯದ ಅಂಬಾಸಿಡರ್, ಮುಂಬಯಿಯ ಪ್ರೀಮಿಯರಿನವರ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಹೊಸ ಫಿಯಟ್ಟಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ದೇಶದಲ್ಲಿ ಕೈಯಲ್ಲಿರುವ ಕಾರನ್ನು ಬಿಸಾಡುವ ಮೂರ್ಖರು ಯಾರು? ಅದಕ್ಕಿಂತ ಮುಖ್ಯವಾಗಿ, ಷೆವರ್ಲೆಯನ್ನೋ ಫೋರ್ಡನ್ನೋ ಇಟ್ಟುಕೊಂಡಿದ್ದವನಿಗೆ ಕಂಪನಿಯ ಬಿಡಿಭಾಗವು ದೊರೆಯದಂತಾದುದರಿಂದ, ಸವೆದುದನ್ನು ಇಲ್ಲಿಯೇ ಕಡೆಸುವುದು, ಒಡೆದುದನ್ನು ಬೆಸೆಯುವುದು, ಇಲ್ಲದುದನ್ನು ಬೇರೊಂದು ಗಾಡಿಯದರಿಂದ ಹೊಂದಿಸುವುದು ಅನಿವಾರ್ಯವಾಯಿತು. ಇಂದು ಪುನರುಜ್ಜೀವನವೆಂದು ಗೌರವದಿಂದ ಕರೆಯಲ್ಪಡುವ ಕಾರ್ಯವು ಅಂದು ಗೃಹಕೃತ್ಯದ ಒಂದು ಭಾಗವಾಗಿತ್ತು.

ಅದಕ್ಕೆ ಬೇಕಾದ ಕೈಗಳು ನೆರೆಮನೆಯಲ್ಲಿಯೇ ಇದ್ದುವು. 1950ರ ದಶಕದಲ್ಲಿ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸತೊಡಗಿತು; ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಲೇತುಗಳನ್ನು ಕಟ್ಟಿತು, ಹರಿಹರದಿಂದ ಮೈಸೂರು ಕಿರ್ಲೋಸ್ಕರ್ ಲೇತುಗಳು ಬರುತ್ತಿದ್ದುವು. ಬಿ.ಟಿ.ಎಂ. ಬಡಾವಣೆಯೆಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಕೂಡಲೆಂಬುದನ್ನು ಬಲ್ಲವರು ಅನೇಕರು; ಅದರೊಳಗಿನ ಮೈಕೋ ಲೇಔಟು ಕಾರ್ಖಾನೆಯ ಹೆಸರನ್ನೇ ಹೊತ್ತಿರುವುದನ್ನು ಗಮನಿಸುವವರು ವಿರಳ. ಹಗಲು ಸಾವಿರದ ಒಂದಂಶ ಇಂಚಿನ ಲೆಕ್ಕದಲ್ಲಿ ಉಕ್ಕನ್ನು ಅಳೆಯುತ್ತಿದ್ದ ಫಿಟ್ಟರು, ಟರ್ನರು, ಟೂಲ್‌ರೂಮಿನ ಮೇಸ್ತ್ರಿ, ಸಂಜೆ ಪಕ್ಕದ ಮನೆಯವರ ಹಿಲ್‌ಮನ್ನಿನ ಎಂಜಿನ್ನಿಗೆ ಕಿವಿಗೊಟ್ಟು, ಇದು ಟ್ಯಾಪೆಟ್ಟಿನ ಸದ್ದು, ಇದು ಬೇರಿಂಗಿನದು ಎಂದು ನಿರ್ಣಯ ಹೇಳುತ್ತಿದ್ದನು. ಸಾಮಾನು ಬೇಕಾದರೆ ಸೌತ್ ಎಂಡ್ ಸರ್ಕಲ್ಲಿನಿಂದ ಲಾಲ್‌ಬಾಗ್ ಪಶ್ಚಿಮ ದ್ವಾರ, ಮಿನರ್ವ ವೃತ್ತಗಳ ಮಾರ್ಗವಾಗಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ. ಅಲ್ಲಿಯೂ ದೊರೆಯದಿದ್ದರೆ ಶಿವಾಜಿನಗರದ ಗುಜರಿಗೆ.

ಊರಿನ ಗಾಳಿಯೂ ಈ ಕಾರ್ಯಕ್ಕೆ ಸಹಾಯಕವಾಯಿತೆಂಬುದನ್ನು ಮರೆಯಬಾರದು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿರುವ, ಉಪ್ಪುಗಾಳಿಯ ಸೋಂಕಿಲ್ಲದ ಬೆಂಗಳೂರಿನಲ್ಲಿ, ಮುಂಬಯಿ ಮದರಾಸುಗಳಲ್ಲಿ ತುಕ್ಕು ತಿಂದು ಮುಗಿಸುತ್ತಿದ್ದ ತಗಡು ದಶಕಗಳ ಕಾಲ ಬಾಳುತ್ತದೆ.

ಇನ್ನು ಷೆಡ್ಡಿನ ಒಳಗಿನ ಕೆಲಸದ ರೀತಿ. ಬಹುಕಾಲ ನಿಂತುಹೋದ ಎಂಜಿನ್ನು ಜಾಮಾಗಿರುವುದರಿಂದ ಮೊದಲು ಪ್ಲಗ್ಗುಗಳನ್ನು ತೆಗೆದು, ಸಿಲಿಂಡರುಗಳಿಗೆ ಸೀಮೆಎಣ್ಣೆಯನ್ನೂ ಎಂಜಿನ್ ಆಯಿಲನ್ನೂ ಬೆರೆಸಿ ಹೊಯ್ದು ದಿನಗಟ್ಟಲೆ ನೆನೆಯಬಿಡುವರು. ಆತುರಪಟ್ಟು ಹ್ಯಾಂಡಲ್ ಹಾಕಿ ತಿರುವಿದವನು ಪಿಸ್ಟನ್ ರಿಂಗುಗಳನ್ನು ಮುರಿದುಕೊಳ್ಳುವನು. ಸ್ಪ್ಯಾನರುಗಳಲ್ಲಿಯೂ ಜಾತಿಭೇದವುಂಟು: ಯುದ್ಧಪೂರ್ವದ ಇಂಗ್ಲಿಷ್ ಕಾರಿಗೆ ವಿಟ್‌ವರ್ತ್ ಅಳತೆ, ಅಮೆರಿಕನ್ ಕಾರಿಗೆ ಇಂಚಿನ ಅಳತೆ, ಫಿಯಟ್ಟಿಗೆ ಮಿಲಿಮೀಟರು, ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಬೋಲ್ಟಿನ ಮೂಲೆಗಳು ಮೊಂಡಾಗುವುವು. 1922ರಿಂದ 1939ರವರೆಗೆ ತಯಾರಾದ, 747 ಸಿ.ಸಿ.ಯ ಪುಟ್ಟ ಆಸ್ಟಿನ್ ಸೆವೆನ್ನಿನಂತಹ ಯುದ್ಧಪೂರ್ವದ ಅನೇಕ ಕಾರುಗಳಲ್ಲಿ ಇಂದಿನಂತೆ ಅಂಗಡಿಯಿಂದ ತಂದು ಕೂರಿಸುವ ಬೇರಿಂಗ್ ಚಿಪ್ಪುಗಳಿರಲಿಲ್ಲ. ಕನೆಕ್ಟಿಂಗ್ ರಾಡಿನ ಬಾಯಿಗೆ ತವರಪ್ರಧಾನವಾದ ಬಿಳಿಲೋಹವನ್ನು ಕರಗಿಸಿ ಎರಕ ಹೊಯ್ದು, ಕೊರೆದು, ಕ್ರ್ಯಾಂಕಿಗೆ ನೀಲಿ ಬಳಿದು ತಿರುಗಿಸಿ, ನೀಲಿ ಅಂಟಿದ ಎತ್ತರದ ಎಡೆಗಳನ್ನು ಸ್ಕ್ರೇಪರಿನಿಂದ ಕೆರೆದು, ಮತ್ತೆ ಬಳಿದು ಮತ್ತೆ ಕೆರೆದು, ಹೊಂದಿಕೆ ಬರುವ ತನಕ ಸಾಗಿಸಬೇಕು. ಈ ವಿದ್ಯೆಯನ್ನು ಬಲ್ಲ ಮೇಸ್ತ್ರಿಗಳು ಈಗ ಎಣಿಕೆಗೆ ಸಿಗುವಷ್ಟಾಗಿದ್ದಾರೆ. ಇಂಗ್ಲಿಷ್ ಕಾರುಗಳ ವಿದ್ಯುತ್ತಿನ ವ್ಯವಸ್ಥೆಯಲ್ಲಿ ಬ್ಯಾಟರಿಯ ಧನಧ್ರುವವನ್ನೇ ಚಾಸಿಗೆ ಕಟ್ಟುವ ರೂಢಿಯಿತ್ತಾಗಿ, ಇಂದಿನ ಎಲೆಕ್ಟ್ರಿಷಿಯನ್ನನು ಅಭ್ಯಾಸಬಲದಿಂದ ಋಣಧ್ರುವವನ್ನು ಕಟ್ಟಿಬಿಡುವುದುಂಟು.

ಬಾಡಿಯ ಕೆಲಸಕ್ಕೆ ನಮ್ಮಲ್ಲಿ ಟಿಂಕರಿಂಗ್ ಎಂಬ ಹೆಸರೇ ರೂಢವಾಗಿದೆ. ಒಳ್ಳೆಯ ಟಿಂಕರನು ತುಕ್ಕು ತಿಂದ ಭಾಗವನ್ನು ಕತ್ತರಿಸಿ, ಹೊಸ ತಗಡನ್ನು ಮರಳ ಚೀಲದ ಮೇಲಿಟ್ಟು ಬಡಿದು, ಮಡ್‌ಗಾರ್ಡಿನ ತಿರುವಿಗೆ ಒಗ್ಗಿಸಿ ಬೆಸೆಯುವನು. ಅಡ್ಡದಾರಿ ಹಿಡಿದವನು ತೂತಿನ ಮೇಲೆ ಪುಟ್ಟಿಯನ್ನು ಮೆತ್ತಿ ಬಣ್ಣ ಹೊಡೆಯುವನು. ಹಳೆಯ ಬಾಡಿಗಳ ತಗಡಿನೊಳಗೆ ಮರದ ಚೌಕಟ್ಟಿರುವಲ್ಲಿ ವಿಲಾಯಿತಿಯ ಆ್ಯಷ್ ಮರಕ್ಕೆ ಪ್ರತಿಯಾಗಿ ತೇಗವು ಸಲ್ಲುತ್ತದೆ. ಗೆದ್ದಲಿನ ನಾಡಿನಲ್ಲಿ ಅದು ಒಂದು ಕೈ ಮೇಲೆಂದೇ ಹೇಳಬೇಕು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡು ಮನೆಯ ಕೆಲಸಗಾರನಿಗೆ ಎಲ್ಲಕ್ಕಿಂತ ಅನುಕೂಲವಾದ ಗಾಡಿ. ಅದರ ಬಾಡಿ ಪ್ರತ್ಯೇಕವಾದ ಚಾಸಿಯ ಮೇಲೆ ಕುಳಿತಿದೆ; ಬಾನೆಟ್ಟು ಎರಡು ಕಡೆಯ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ವಾಲಿಕೊಂಡು ತೆರೆದಾಗ ಮುಂದಿನ ಟೈರಿನ ಮೇಲೆ ಕುಳಿತೇ ಕಾರ್ಬೊರೇಟರನ್ನು ಬಿಚ್ಚಬಹುದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅಭಾವದ ಯುಗಕ್ಕೆ ತೆರೆ ಬಿದ್ದಿತು. ಅಲ್ಲಿಯತನಕ ಅವಶ್ಯಕತೆಯಿಂದ ಬದುಕಿದ್ದ ಹಳೆಯ ಕಾರುಗಳು ಒಮ್ಮೆಲೇ ನಿರುಪಯುಕ್ತವೆನಿಸಿ, ಹಿಂಡುಹಿಂಡಾಗಿ ಗುಜರಿಯ ದಾರಿ ಹಿಡಿದುವು. ಉಳಿದುವು ಯಾರ ಷೆಡ್ಡಿನಲ್ಲಿ ಸ್ಥಳವಿತ್ತೋ, ಯಾರಿಗೆ ತಂದೆಯ ಗಾಡಿಯನ್ನು ತೂಕಕ್ಕೆ ಹಾಕಲು ಮನಸ್ಸು ಬಾರಲಿಲ್ಲವೋ ಅವರವು ಮಾತ್ರ. ಗೃಹಕೃತ್ಯವು ಹವ್ಯಾಸವಾದ ಸಂಧಿಕಾಲ ಇದೇ. ಇದರೊಡನೆ ಒಂದು ದೋಷವೂ ಪ್ರವೇಶಿಸಿತೆಂದು ನನ್ನ ಅಭಿಪ್ರಾಯ. ಅವಶ್ಯಕತೆಗಾಗಿ ತಿದ್ದುತ್ತಿದ್ದವನು ಗಾಡಿ ಓಡಿದರೆ ತೃಪ್ತನಾಗುತ್ತಿದ್ದನು. ಪ್ರದರ್ಶನಕ್ಕಾಗಿ ತಿದ್ದುವವನು, ಕಾರ್ಖಾನೆಯಿಂದ ಹೊರಬಿದ್ದ ದಿನವೂ ಅದಕ್ಕಿಲ್ಲದಿದ್ದ ಹೊಳಪನ್ನು ಹಚ್ಚುವನು. ಸೆಲ್ಯುಲೋಸ್ ಬಣ್ಣವನ್ನು ತೆಳುಪದರಗಳಲ್ಲಿ ಬಳಿದು ವಾಟರ್ ಪೇಪರಿನಿಂದ ಉಜ್ಜಿ ತಂದ ಮೃದುಕಾಂತಿಗೂ, ಇಂದಿನ ಗಾಜಿನಂತಹ ಥಳಥಳಿಕೆಗೂ ಸಂಬಂಧವಿಲ್ಲ. ನಾಲ್ವತ್ತು ವರ್ಷ ಒಂದೇ ಮನೆಯವರ ಕೈಯಲ್ಲಿ ಸವೆದ ಸ್ಟೀರಿಂಗನ್ನು ಕಿತ್ತೆಸೆದು ಹೊಸದನ್ನು ಕೂರಿಸುವುದಕ್ಕಿಂತ, ಸವೆತವನ್ನು ಹಾಗೆಯೇ ಬಿಡುವುದು ಹೆಚ್ಚಿನ ವಿವೇಕ.

ಈಗಿನ ಕಷ್ಟಗಳು ಬೇರೆ ತೆರನಾದುವು. ಜಯನಗರದ ನಿವೇಶನಗಳ ಮೇಲೆ ಬಹುಮಹಡಿಗಳೆದ್ದಂತೆಲ್ಲ ಷೆಡ್ಡು ಅಳಿಯುತ್ತಿದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಣ್ಣದ ಗೆರೆ ಎಳೆದು ಕೊಟ್ಟ ತಾಣದೊಳಗೆ ಎಂಜಿನ್ ಬಿಚ್ಚಲು ಯಾವ ಸಂಘವೂ ಸಮ್ಮತಿಸದು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸಬೆರೆತ ಪೆಟ್ರೋಲು ನಿಂತುಹೋದುದರಿಂದ, ಅದನ್ನು ನೆಚ್ಚಿ ತಯಾರಾದ ವಾಲ್ವ್ ಸೀಟುಗಳನ್ನು ಗಟ್ಟಿಲೋಹದವಕ್ಕೆ ಬದಲಿಸಿಕೊಳ್ಳುವುದು ಲೇಸು. ಈಗಿನ ಎಥನಾಲ್ ಬೆರಕೆಯ ಪೆಟ್ರೋಲು ನೀರನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹತ್ತಿಸುವುದಲ್ಲದೆ ಹಳೆಯ ರಬ್ಬರು ಕೊಳವೆಗಳನ್ನೂ ಕೆಡಿಸುತ್ತದೆ. ಕಾನೂನು ಮಾತ್ರ ಸ್ವಲ್ಪ ಕಣ್ಣು ತೆರೆದಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದ, ಚಾಸಿ ಬಾಡಿ ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡಿಲ್ಲದ ಕಾರನ್ನು ವಿಂಟೇಜೆಂದು ನೋಂದಾಯಿಸಿ, 'ವಿಎ' ಅಕ್ಷರಗಳುಳ್ಳ ಸಂಖ್ಯೆಯನ್ನು ಹತ್ತು ವರ್ಷಗಳ ಅವಧಿಗೆ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅದನ್ನು ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ ಅನುಮತಿ.

ಬೆಂಗಳೂರಿನಲ್ಲಿಯೇ ಹುಟ್ಟಿದ ಕಾರೊಂದನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ವಿಶ್ವೇಶ್ವರಯ್ಯನವರ ಮಹಾಯೋಜನೆಗೆ ಹೋಲಿಸಿದರೆ ಅತ್ಯಲ್ಪವಾದರೂ, 1970ರ ದಶಕದಲ್ಲಿ ಸನ್‌ರೈಸ್ ಎಂಬ ಸಂಸ್ಥೆಯು ಇಲ್ಲಿ ಬಾದಲ್ ಎಂಬ ಮೂರು ಚಕ್ರದ ಗಾಡಿಯನ್ನೂ, 1982ರಿಂದ ಸಿಪಾನಿ ಹೆಸರಿನಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಮಾದರಿಯ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನಿನ ಡಾಲ್ಫಿನ್ ಕಾರನ್ನೂ ತಯಾರಿಸಿತು. ಅದರ ಬಾಡಿ ಫೈಬರ್‌ಗ್ಲಾಸಿನದಾದುದರಿಂದ ತುಕ್ಕಿನ ಭಯವಿಲ್ಲ; ಬೆಲೆಯಿಲ್ಲವೆಂಬ ತಾತ್ಸಾರದ ಭಯ ಮಾತ್ರ ಉಂಟು. ಮೊದಲ ವರ್ಷದ ಡಾಲ್ಫಿನ್ನುಗಳು ಐವತ್ತು ವರ್ಷ ತುಂಬಿ ವಿಂಟೇಜ್ ನೋಂದಣಿಗೆ ಅರ್ಹವಾಗುವುದು 2032ರಲ್ಲಿ. ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಯಾರ ಷೆಡ್ಡಿನಲ್ಲಾದರೂ ಅಂತಹದೊಂದು ಧೂಳು ಹೊದ್ದು ನಿಂತಿದ್ದರೆ, ಮನೆಯನ್ನು ಬಿಲ್ಡರಿಗೆ ಒಪ್ಪಿಸುವ ಮುನ್ನ ಅದರ ಆರ್.ಸಿ. ಪುಸ್ತಕವನ್ನು ಹುಡುಕಿ ಭದ್ರಪಡಿಸಿ, ಗಾಡಿಯನ್ನು ಗುಜರಿಗೆ ಹಾಕದೆ ಬಲ್ಲವರ ಕೈಗೆ ಕೊಡಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.