ಶ್ರೀರಂಗಪಟ್ಟಣದ ನಾಲೆಯೂ ಕಂಬಿಯೂ

ಶ್ರೀರಂಗಪಟ್ಟಣಕ್ಕೆ ಬರುವ ಯಾತ್ರಿಕರು ರಂಗನಾಥಸ್ವಾಮಿಯ ದರ್ಶನವನ್ನು ಮಾಡಿಕೊಂಡು, ದರಿಯಾ ದೌಲತ್ತಿನ ಗೋಡೆಗಳ ಮೇಲಿನ ಚಿತ್ರಗಳನ್ನು ನೋಡಿ, ಗಂಜಾಮಿನ ಗುಂಬಜಿನ ಮುಂದೆ ಕ್ಷಣಕಾಲ ನಿಂತು, ಸಂಗಮದಲ್ಲಿ ಮಿಂದು ಹಿಂದಿರುಗುವುದು ವಾಡಿಕೆ. ಇದೇ ಊರಿನಲ್ಲಿ ಒಂದು ಹಳೆಯ ನಾಲೆಯೂ ಒಂದು ಹಳೆಯ ರೈಲುದಾರಿಯೂ ಇರುವುವು. ಅವನ್ನು ನೋಡಿಬಂದೆವೆಂದು ಮನೆಯಲ್ಲಿ ಹೇಳುವವರು ಮಾತ್ರ ವಿರಳ. ನೀರು ಹರಿಯುತ್ತಿರುವ ನಾಲೆ, ಗಾಡಿ ಓಡುತ್ತಿರುವ ಕಂಬಿ, ಇವೆಲ್ಲ ದಿನದ ಬಳಕೆಯ ವಸ್ತುಗಳು. ಇತಿಹಾಸವೆಂಬುದು ಬಳಕೆ ತಪ್ಪಿದ ಕಟ್ಟಡಗಳಲ್ಲಿ ಮಾತ್ರ ನೆಲಸಿರುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಯಿಂದ ನಮಗೆ ಒದಗುವ ನಷ್ಟವೇನೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಾಲೆಯ ಮಾತು. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪ. ಸುತ್ತಲೂ ನೀರಿರುವ ಊರಿಗೆ ನಾಲೆಯೇಕೆಂದು ಯಾರಾದರೂ ಕೇಳಬಹುದು. ನದಿಯು ತಗ್ಗಿನಲ್ಲಿ ಹರಿಯುವುದು. ಹೊಲಗದ್ದೆಗಳು ಅದಕ್ಕಿಂತ ಮೇಲ್ಮಟ್ಟದಲ್ಲಿರುವುವು. ಏತದಿಂದಲೂ ಕಪಿಲೆಯಿಂದಲೂ ಎತ್ತಿದ ನೀರು ಒಂದು ತೋಟಕ್ಕೆ ಸಾಕಾದೀತೇ ಹೊರತು ಗದ್ದೆಬಯಲಿಗೆ ಸಾಲದು. ಆದಕಾರಣ ನದಿಯ ಮೇಲ್ಭಾಗದಲ್ಲಿ ಅಣೆಯನ್ನು ಕಟ್ಟಿ, ಅಲ್ಲಿ ನೀರನ್ನು ತಿರುಗಿಸಿ, ನದಿಗಿಂತ ಕಡಮೆ ಇಳಿಜಾರಿನಲ್ಲಿ ನಡೆಸಿಕೊಂಡು ಬರಬೇಕು. ಹಾಗೆ ಬಂದ ನಾಲೆಯು ಮುಂದೆ ಸಾಗಿದಷ್ಟೂ ನದಿಗಿಂತ ಎತ್ತರದಲ್ಲಿ ಉಳಿಯುವುದು. ಆದರೂ ದ್ವೀಪವನ್ನು ಸೇರಬೇಕಾದರೆ ಕವಲನ್ನು ದಾಟಲೇಬೇಕಷ್ಟೆ. ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಬಂಗಾರದೊಡ್ಡಿ ನಾಲೆಯು ಈ ತೊಡಕನ್ನು ಬಗೆಹರಿಸಿತು. ಕಲ್ಲಿನ ಮೇಲ್ಗಾಲುವೆಯೊಂದರಲ್ಲಿ ಅದು ಕವಲಿನ ಮೇಲೆ ಹಾದು ದ್ವೀಪವನ್ನು ಪ್ರವೇಶಿಸುವುದು. ಕೆಳಗೆ ಹರಿಯುವುದೂ ಕಾವೇರಿ, ಮೇಲೆ ಹರಿಯುವುದೂ ಕಾವೇರಿ! ಮಟ್ಟ ನೋಡುವ ಇಂದಿನ ಯಂತ್ರಗಳಿಲ್ಲದ ಕಾಲದಲ್ಲಿ, ನೀರನ್ನೇ ಗುರುವಾಗಿಟ್ಟುಕೊಂಡು ಈ ಕೆಲಸವನ್ನು ಸಾಧಿಸಿದವರ ಹೆಸರು ನಮಗೆ ಉಳಿದಿಲ್ಲ, ಕೆಲಸ ಉಳಿದಿದೆ.

ಇದು ಒಂಟಿಯಾದ ಸಾಹಸವೂ ಅಲ್ಲ. ಚಿಕ್ಕದೇವರಾಜ ಒಡೆಯರ (1673–1704) ಹೆಸರನ್ನು ಹೊತ್ತ ಚಿಕ್ಕದೇವರಾಯಸಾಗರ ನಾಲೆ, ಬಲಮುರಿಯ ಅಣೆಯಿಂದ ಹೊರಡುವ ವಿರಿಜಾ ನಾಲೆ, ಇವೆಲ್ಲ ಇದೇ ಸೀಮೆಯವು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಇಲ್ಲಿಯ ರೈತನು ನಾಲೆಯ ನೀರನ್ನು ಕಂಡಿದ್ದನು. ಈ ನದಿಯ ಹಳೆಯ ಅಣೆಗಳು ಬಹುಮಟ್ಟಿಗೆ ನದಿಗೆ ಅಡ್ಡವಾಗಿರದೆ ಓರೆಯಾಗಿರುವುವು. ಓರೆಯಾದಷ್ಟೂ ಅಣೆಯ ಉದ್ದ ಹೆಚ್ಚುವುದು. ಉದ್ದ ಹೆಚ್ಚಿದಷ್ಟೂ ಪ್ರವಾಹವು ಹರಡಿಕೊಂಡು ತೆಳುವಾಗಿ ಹಾಯುವುದು. ನೀರೂ ತಾನಾಗಿ ನಾಲೆಯ ಬಾಯಿಯ ಕಡೆಗೆ ಸರಿಯುವುದು. ಇದನ್ನು ತಿಳಿಯದವನ ಕಣ್ಣಿಗೆ ಆ ಅಣೆಯು ಬರಿಯ ಕಲ್ಲುರಾಶಿ.

ಕಲ್ಲಿನಷ್ಟೇ ಮುಖ್ಯವಾದುದು ಕಟ್ಟುಪಾಡು. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರೆಂಬುದನ್ನು ನೋಡಿ ತೂಬನ್ನು ತೆಗೆದು ಮುಚ್ಚುತ್ತಿದ್ದವನು ನೀರುಗಂಟಿ. ಹೂಳನ್ನು ತೆಗೆಯುವುದು, ಏರಿ ಜರಿದಲ್ಲಿ ಮಣ್ಣು ಹಾಕುವುದು, ಇವು ಊರವರ ಕೂಡುಕೆಲಸಗಳಾಗಿದ್ದುವು. ಹೀಗೆ ಪ್ರತಿವರ್ಷವೂ ಕೈ ತಾಗುತ್ತಿದ್ದುದರಿಂದಲೇ ಈ ನಾಲೆಗಳು ಇಷ್ಟು ಕಾಲ ಬದುಕಿದುವು. ಅರಮನೆಯನ್ನು ಬೀಗ ಹಾಕಿ ಕಾಪಾಡಬಹುದು. ನಾಲೆಯನ್ನು ನೀರು ಹರಿಸಿಯೇ ಕಾಪಾಡಬೇಕು.

ಇನ್ನು ರೈಲುದಾರಿ. ಬೆಂಗಳೂರಿನಿಂದ ಮೈಸೂರಿಗೆ ಮೀಟರು ಅಗಲದ ಕಂಬಿಯು 1881–82ರಲ್ಲಿ ಹಂತಹಂತವಾಗಿ ಸಂಚಾರಕ್ಕೆ ತೆರೆಯಿತು. ಈ ದಾರಿಯ ಹುಟ್ಟನ್ನು ನೆನೆದರೆ ಮನಸ್ಸು ಮರುಗುವುದು. 1876–78ರ ಮಹಾಕ್ಷಾಮವು ಮೈಸೂರು ಸೀಮೆಯನ್ನು ಹಿಂಡಿಹೋಗಿದ್ದ ಕಾಲವದು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಪ್ರಜಾಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಹೊಟ್ಟೆಗಿಲ್ಲದೆ ಊರು ಬಿಟ್ಟು ಬಂದ ಜನರಿಗೆ ಕೂಲಿ ಒದಗಿಸುವುದಕ್ಕಾಗಿ ತೆರೆದ ಕಾಮಗಾರಿಗಳಲ್ಲಿ ಈ ದಾರಿಯ ಮಣ್ಣುಕೆಲಸವೂ ಒಂದು. ಇಂದು ನಾವು ಕಿಟಕಿಯ ಬಳಿ ಕುಳಿತು ಮಂಡ್ಯದ ಕಬ್ಬಿನ ಗದ್ದೆಗಳನ್ನು ನೋಡುತ್ತ ಸಾಗುವಾಗ, ನಮ್ಮನ್ನು ಹೊತ್ತಿರುವ ಏರಿಯ ಮೇಲೆ ಎಂತಹ ಕೈಗಳು ಮಣ್ಣು ಸುರಿದುವೆಂಬುದು ನೆನಪಿಗೆ ಬರುವುದಿಲ್ಲ. ಆ ಜನರಿಗೆ ಸಮಾಧಿಯಿಲ್ಲ, ಶಾಸನವಿಲ್ಲ. ಅವರ ಸ್ಮಾರಕವೆಂಬುದೇನಾದರೂ ಇದ್ದರೆ ಆ ಏರಿಯೇ ಸರಿ.

ಈ ದಾರಿಯು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಎರಡು ಕವಲುಗಳನ್ನೂ ದಾಟಿ, ಕೋಟೆಯ ಗೋಡೆಯನ್ನು ಸೀಳಿಕೊಂಡು ಒಳಹೊಕ್ಕಿತು. ನಿಲ್ದಾಣವೂ ಕೋಟೆಯೊಳಗೇ ನೆಲೆಗೊಂಡಿತು. 1799ರಲ್ಲಿ ಫಿರಂಗಿಗಳು ಒಡೆದ ಗೋಡೆಯನ್ನು ನೋಡಲು ದೂರದೂರದಿಂದ ಬರುವವರುಂಟು. ರೈಲು ಒಡೆದ ಗೋಡೆಯನ್ನು ಗಮನಿಸುವವರಿಲ್ಲ. ಊರಿನ ಚರಿತ್ರೆಯಲ್ಲಿ ಎರಡೂ ಬಿರುಕುಗಳೇ. ಮೊದಲನೆಯದು ರಾಜಧಾನಿಯ ಬಾಳನ್ನು ಮುಗಿಸಿತು. ಎರಡನೆಯದು ಆ ಹಳೆಯ ರಾಜಧಾನಿಯನ್ನು ಹೊಸ ಕಾಲದ ಸಂಚಾರಕ್ಕೆ ಕಟ್ಟಿಹಾಕಿತು.

ಈ ಕೋಟೆಗೂ ಕಂಬಿಗೂ ಇದ್ದ ವ್ಯಾಜ್ಯವು ನಮ್ಮ ಕಾಲದಲ್ಲಿ ಮತ್ತೆ ತಲೆದೋರಿತು. ಮೀಟರು ಅಗಲದ ಕಂಬಿಯು 1990ರ ದಶಕದಲ್ಲಿ ದೊಡ್ಡ ಅಗಲಕ್ಕೆ ತಿರುಗಿತು. ಬಳಿಕ ಜೋಡಿದಾರಿಯನ್ನು ಹಾಸುವಾಗ, ನಿಲ್ದಾಣದ ಹತ್ತಿರವಿದ್ದ ಟಿಪ್ಪುವಿನ ಕಾಲದ ಒಂದು ಮದ್ದಿನಮನೆಯು ಅಡ್ಡವಾಯಿತು. ಅದು ಇಟ್ಟಿಗೆಗಾರೆಯ ಕಟ್ಟಡ, ಸುಮಾರು ಸಾವಿರ ಟನ್ನಿನ ತೂಕ. ಕೆಡವಬೇಕೆ, ದಾರಿಯನ್ನೇ ನಿಲ್ಲಿಸಬೇಕೆ ಎಂಬ ತೂಗಾಟದಲ್ಲಿ ವರ್ಷಗಳು ಕಳೆದುವು. ಕೊನೆಗೆ ಅಡಿಪಾಯದ ಸುತ್ತ ಅಗೆದು, ಉಕ್ಕಿನ ತೊಲೆಗಳನ್ನು ತೂರಿಸಿ, ಇಡಿಯ ಕಟ್ಟಡವನ್ನು ಜಾಕುಗಳಿಂದ ಮೇಲೆತ್ತಿ, 2017ರ ಮಾರ್ಚಿಯಲ್ಲಿ ನೂರು ಮೀಟರಿಗೂ ದೂರಕ್ಕೆ ಸರಿಸಿ ಇಟ್ಟರು. ಕಟ್ಟಡ ಉಳಿಯಿತು, ದಾರಿಯೂ ಸಾಗಿತು. ಅದು ತನ್ನ ಮೂಲಸ್ಥಾನವನ್ನು ಕಳೆದುಕೊಂಡಿತಲ್ಲಾ ಎಂದು ಮರುಗುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಮನಸ್ಸು ಮಾಡಿದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದೆಂಬುದಕ್ಕೆ ಇದು ದೃಷ್ಟಾಂತ.

ಮದ್ದಿನಮನೆಗೆ ಈ ಭಾಗ್ಯ ದೊರೆತುದೇಕೆ? ಅದು ಸ್ಮಾರಕಗಳ ಪಟ್ಟಿಯಲ್ಲಿತ್ತು. 2014ರಲ್ಲಿ ಈ ದ್ವೀಪದ ಸ್ಮಾರಕಗಳು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನೂ ಸೇರಿದುವು. ನಾಲೆಯ ಒಂದು ಕಲ್ಲುತೂಬಿಗೆ ಅಥವಾ ಹಳೆಯ ರೈಲುದಾರಿಯ ಒಂದು ಮೈಲಿಗಲ್ಲಿಗೆ ಅಂತಹ ರಕ್ಷೆ ಎಲ್ಲಿಯದು? ಮದ್ದಿನಮನೆ ಕದಲಿದಾಗ ನಾಡೆಲ್ಲ ನೋಡಿತು. ದುರಸ್ತಿಯ ಭರದಲ್ಲಿ ತೂಬೊಂದನ್ನು ಕಿತ್ತು ಸಿಮೆಂಟು ಬಳಿದರೆ ಪಕ್ಕದ ಗದ್ದೆಯವನಿಗಲ್ಲದೆ ಮತ್ತೊಬ್ಬರಿಗೆ ಸುದ್ದಿಯೂ ಮುಟ್ಟದು.

ಇದಕ್ಕೆ ಎದುರುಮಾತು ಉಂಟು. ಬೆಳೆಗೆ ನೀರು ಮುಖ್ಯವೋ ಹಳೆಯ ಕಲ್ಲು ಮುಖ್ಯವೋ? ಪ್ರಯಾಣಿಕನಿಗೆ ವೇಗ ಬೇಕೋ ಹಳೆಯ ಏರಿಯ ಕಥೆ ಬೇಕೋ? ಈ ಪ್ರಶ್ನೆಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ನಾಲೆಯಿರುವುದು ರೈತನಿಗಾಗಿ, ಸೋರಿಹೋಗುವ ನೀರನ್ನು ತಡೆಯುವುದು ಧರ್ಮವೇ. ಆದರೆ ದುರಸ್ತಿ ಬೇರೆ, ಅಳಿಸಿಹಾಕುವುದು ಬೇರೆ. ಹಳೆಯ ತೂಬನ್ನು ತೆಗೆಯಲೇಬೇಕಾದರೆ ಮೊದಲು ಅದರ ಅಳತೆಯನ್ನು ಬರೆದಿಟ್ಟು, ಚಿತ್ರವನ್ನು ತೆಗೆದು, ಕಲ್ಲನ್ನು ಹತ್ತಿರದಲ್ಲಿಯೇ ನಿಲ್ಲಿಸುವುದರಿಂದ ಯಾವ ಗದ್ದೆಯೂ ಒಣಗದು. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯವು ಹಳೆಯ ಇಂಜಿನುಗಳನ್ನೂ ಬಂಡಿಗಳನ್ನೂ ಕಾಪಾಡಿಕೊಂಡು ಬಂದಿದೆ. ಆದರೆ ಏರಿಯನ್ನೂ ಮೇಲ್ಗಾಲುವೆಯನ್ನೂ ಯಾವ ಸಂಗ್ರಹಾಲಯಕ್ಕೂ ಹೊತ್ತೊಯ್ಯಲಾಗದು. ಅವನ್ನು ಅವುಗಳ ಊರವರೇ ಕಾಯಬೇಕು.

ಇದಕ್ಕೆ ಸರ್ಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ನಾಲೆಯ ಬಾಯಿಯಿಂದ ಕೊನೆಯ ತೂಬಿನವರೆಗೆ ನಮ್ಮ ಪಾಠಶಾಲೆಯ ಮಕ್ಕಳು ಉಪಾಧ್ಯಾಯರೊಡನೆ ಒಮ್ಮೆ ನಡೆದುಬಂದರೆ, ಕಂಡ ಕಲ್ಲುಗಳ ಪಟ್ಟಿಯೊಂದು ಸಿದ್ಧವಾಗುವುದು. ನೀರುಗಂಟಿಗಳ ಮನೆತನದವರೂ ಕಂಬಿಯ ಕಾವಲು ಮಾಡಿದವರ ಮನೆತನದವರೂ ಹಿರಿಯರಿಂದ ಕೇಳಿದುದನ್ನು ಈಗಲೇ ಬರೆದಿಡಬೇಕು. ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರುವ ಕಂದಾಯದ ಕಾಗದಗಳಲ್ಲಿ ನೀರಿನ ಸರದಿಯ ಲೆಕ್ಕವಿದ್ದರೆ, ಅದೂ ಒಂದು ಶಾಸನವೇ. ವಾಚಕರು ತಮ್ಮ ಮನೆಗಳಲ್ಲಿ ಅಂತಹವುಗಳನ್ನು ಹುಡುಕಿ ಸಂಘಕ್ಕೆ ತೋರಿಸಿದರೆ ಮಹದುಪಕಾರವಾಗುವುದು.

ರಾಜರ ಚರಿತ್ರೆಯನ್ನು ಹೇಳಲು ಶ್ರೀರಂಗಪಟ್ಟಣದಲ್ಲಿ ಗೋಪುರವಿದೆ, ಗುಂಬಜಿದೆ. ಬೆಳೆದವರ, ಅಗೆದವರ, ಹೊತ್ತವರ ಚರಿತ್ರೆಯನ್ನು ಹೇಳಲು ಒಂದು ನಾಲೆ ಇದೆ, ಒಂದು ಏರಿ ಇದೆ. ಅವನ್ನೂ ಸ್ಮಾರಕಗಳೆಂದು ಕರೆಯುವ ದಿನದಿಂದ ನಮ್ಮ ಊರಿನ ಚರಿತ್ರೆ ಪೂರ್ಣವಾಗುವುದು.