ಮನೆಗೊಂದು ಬೆಕ್ಕು, ಮರಿಗಳ ಲೆಕ್ಕ ಯಾರದ್ದು?



ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳ ಧಾಟಿಯೇ ಸ್ವಲ್ಪ ಬದಲಾಗುತ್ತದೆ. ಹಾಡಿನ ಕೋರಿಕೆ ಹೇಳಿ ಮುಗಿಸಿದ ಮೇಲೆ "ಇನ್ನೊಂದು ವಿಷಯ..." ಎಂದು ರಾಗ ಎಳೆಯುತ್ತಾರೆ. ಬಿಲ್ಡಿಂಗಿನ ಮೀಟರ್ ಬಾಕ್ಸ್ ಕೆಳಗೆ ಬೆಕ್ಕು ನಾಲ್ಕು ಮರಿ ಹಾಕಿದೆ, ಯಾರಿಗಾದರೂ ಬೇಕಾದರೆ ರೇಡಿಯೋದಲ್ಲಿ ಒಂದು ಮಾತು ಹೇಳುತ್ತೀರಾ ಅಂತ. ಹೇಳುತ್ತೇವೆ. ಒಂದೋ ಎರಡೋ ಮರಿಗೆ ಮನೆ ಸಿಗುತ್ತದೆ. ಮುಂದಿನ ವರ್ಷ ಅದೇ ಮೀಟರ್ ಬಾಕ್ಸ್, ಅದೇ ಬೆಕ್ಕು, ಮತ್ತೆ ನಾಲ್ಕು ಮರಿ.

ಈ ಸಂಚಿಕೆಯಲ್ಲಿ ಆ ಬೆಕ್ಕು ಅಲ್ಲಿಗೆ ಬಂದ ಚರಿತ್ರೆಯನ್ನೇ ಹೇಳೋಣ ಅನ್ನಿಸಿತು. ಏಕೆಂದರೆ ಅದು ತಾನಾಗಿ ಬಂದದ್ದಲ್ಲ, ನಾವು ಕರೆದದ್ದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ವಿಜಯನಗರದಲ್ಲಿ ಇಲಿಗಳ ಕಾಟ ಮಿತಿಮೀರಿತಂತೆ. ಕೃಷ್ಣದೇವರಾಯ ಮನೆಗೊಂದು ಬೆಕ್ಕಿನ ಮರಿ, ಅದರ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ನಾಲಿಗೆ ಸುಟ್ಟುಕೊಂಡ ಮರಿ ಆಮೇಲೆ ಹಾಲು ಕಂಡರೆ ಓಡತೊಡಗಿತು. ಹಸುವಿನ ಹಾಲೆಲ್ಲ ಅವನ ಮನೆಯವರಿಗೇ ಸಿಕ್ಕಿತು. ಇದು ಕಥೆ, ಚರಿತ್ರೆಯಲ್ಲ. ಆದರೆ ಇದರಲ್ಲಿ ಒಂದು ವಿಷಯ ನೋಡಿ: ಸರ್ಕಾರವೇ ಬೆಕ್ಕಿನ ಮರಿ ಹಂಚಿತು, ಮೇವಿನ ವ್ಯವಸ್ಥೆಯನ್ನೂ ಮಾಡಿತು. ಆ ಮರಿಗಳು ದೊಡ್ಡವಾಗಿ ತಾವೂ ಮರಿ ಹಾಕಿದರೆ ಏನು ಮಾಡಬೇಕು ಎಂದು ಆಸ್ಥಾನದಲ್ಲಿ ಯಾರೂ ಕೇಳಲಿಲ್ಲ. ಕಥೆ ಹೇಳಿದ ನಮ್ಮ ಅಜ್ಜಿಯರೂ ಕೇಳಲಿಲ್ಲ.

ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಇಲಿಯ ದೆಸೆಯಿಂದ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಯಿತು, ಕಣಜ ತುಂಬಿತು, ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತಿದ್ದನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಅಂದರೆ ಯಾರೋ ದೋಣಿಯಲ್ಲಿ ಹಾಕಿಕೊಂಡು ಹೋಗಿದ್ದಾರೆ! ನಾಯಿಯನ್ನು ನಾವು ಪಳಗಿಸಿದೆವು. ಬೆಕ್ಕು ಮಾತ್ರ ಒಪ್ಪಂದದ ಮೇಲೆ ಬಂದಂತಿದೆ: ಇಲಿ ನನಗೆ, ಕಾಳು ನಿಮಗೆ.

ಈಗ ನಮ್ಮ ಮುಂಬಯಿಗೆ ಬರೋಣ. 1896ರ ಸೆಪ್ಟೆಂಬರ್. ಮಾಂಡ್ವಿಯ ಗೋದಾಮುಗಳ ನಡುವಿನ ಮನೆಗಳಲ್ಲಿ ವಿಚಿತ್ರ ಜ್ವರ ಕಾಣಿಸಿಕೊಂಡಿತು. ಡಾಕ್ಟರ್ ಅಕಾಸಿಯೋ ವೀಗಸ್ ಅದು ಪ್ಲೇಗ್ ಎಂದು ಗುರುತಿಸಿದರು. ಜನ ರೈಲು ಹತ್ತಿ ಊರೂರಿಗೆ ಓಡಿದರು, ಜೊತೆಗೆ ರೋಗವೂ ಟಿಕೆಟ್ಟಿಲ್ಲದೆ ಹೋಯಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರಾಂಡ್ ಮೇಲೆ 1897ರ ಜೂನ್ 22ರಂದು ಗುಂಡು ಹಾರಿತು. ಹುಬ್ಬಳ್ಳಿ, ಧಾರವಾಡ ತತ್ತರಿಸಿದವು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳು ಬೆಳೆದದ್ದು ಈ ಭಯದ ನೆರಳಿನಲ್ಲೇ. ಊರಲ್ಲಿ ಪ್ಲೇಗ್ ಮಾರಮ್ಮನ ಗುಡಿ ನೋಡಿದವರು ನಿಮ್ಮಲ್ಲಿ ಇರಬಹುದು. "ಇಲಿ ಬಿತ್ತು" ಎಂಬ ಎರಡೇ ಮಾತಿಗೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು.

ಇಲಿ ಬಿದ್ದರೆ ರೋಗ ಎಂಬುದು ಜನಕ್ಕೆ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದ. ಬಹಳ ಜನ ನಂಬಲಿಲ್ಲ. ಮುಂಬಯಿಯಲ್ಲಿ ನಡೆದ ಸಂಶೋಧನೆಗಳು ಅದನ್ನು ಗಟ್ಟಿ ಮಾಡುವ ಹೊತ್ತಿಗೆ ಸುಮಾರು ಹತ್ತು ವರ್ಷ ಕಳೆದಿತ್ತು.

ಇಲ್ಲಿ ನಮ್ಮ ಕಥಾನಾಯಕನ ಪ್ರವೇಶ. ವಿದರ್ಭದ ಅಮರಾವತಿಯಲ್ಲಿ ಆಂಡ್ರ್ಯೂ ಬುಕಾನನ್ ಎಂಬ ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯಾಧಿಕಾರಿ ಇದ್ದರು. ಅವರ ತಲೆಗೆ ಒಂದು ಸರಳ ಪ್ರಶ್ನೆ ಹೊಕ್ಕಿತು: ಪಕ್ಕಪಕ್ಕದ ಹಳ್ಳಿಗಳಲ್ಲಿ ಒಂದಕ್ಕೆ ಪ್ಲೇಗ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಯಾಕೆ? ಹಳ್ಳಿಗಳಲ್ಲಿ ಬೆಕ್ಕಿನ ಲೆಕ್ಕ ತೆಗೆಸಿದರು. ಬೆಕ್ಕು ಹೆಚ್ಚಿರುವ ಕಡೆ ಪ್ಲೇಗ್ ಕಡಿಮೆ ಎಂದು ಅವರಿಗೆ ಕಂಡಿತು. 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬರೆದರು. ಬೆಕ್ಕುಗಳೇ ಪ್ಲೇಗ್ ನಿವಾರಕಗಳು ಎಂಬುದೇ ಅದರ ತಲೆಬರಹ. ಅದೇ ವರ್ಷ ಜಪಾನಿಗೆ ಹೋಗಿದ್ದ ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕೋಖ್ ಕೂಡ ಬೆಕ್ಕಿನ ಪರವಾಗಿ ಮಾತನಾಡಿದ್ದರು. ಅಂತೂ ಕೃಷ್ಣದೇವರಾಯನ ಕಥೆ ವೈದ್ಯಕೀಯ ಪತ್ರಿಕೆಗೆ ಏರಿತು ಅನ್ನಿ.

ನನ್ನನ್ನು ಕೇಳಿದರೆ, ಬುಕಾನನ್ ಮಾಡಿದ ಒಳ್ಳೆಯ ಕೆಲಸ ಬೆಕ್ಕುಗಳನ್ನು ಎಣಿಸಿದ್ದು. ಸಲಹೆ ಮಾತ್ರ ಅರ್ಧಂಬರ್ಧ. ಬೆಕ್ಕಿಗೂ ಪ್ಲೇಗ್ ತಗಲುತ್ತದೆ, ಬೆಕ್ಕಿನಿಂದ ಮನುಷ್ಯನಿಗೂ ಬರಬಹುದು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಅಂಥ ಪ್ರಕರಣಗಳು ದಾಖಲಾಗಿವೆ. ಪ್ಲೇಗನ್ನು ಕೊನೆಗೆ ಹಿಮ್ಮೆಟ್ಟಿಸುವಲ್ಲಿ ಕೀಟನಾಶಕ, ಆಂಟಿಬಯೋಟಿಕ್, ನೈರ್ಮಲ್ಯಗಳ ಪಾಲು ದೊಡ್ಡದು. ಬೆಕ್ಕಿನ ನೌಕರಿ ಹೋಯಿತು, ಬೆಕ್ಕು ಉಳಿಯಿತು. ಗೋದಾಮಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಚಾಳಿನ ಮೆಟ್ಟಿಲ ಕೆಳಗೆ.

ಹೆಚ್ಚಾದ ಮರಿಗಳನ್ನು ಜನ ಏನು ಮಾಡುತ್ತಿದ್ದರು? ಯೂರೋಪಿನ ಹಳ್ಳಿಗಳಲ್ಲಿ ಬಕೆಟ್ ನೀರಿನಲ್ಲಿ ಮುಳುಗಿಸುವುದು ಮಾಮೂಲಾಗಿತ್ತು. ನಮ್ಮಲ್ಲಿ ಬೆಕ್ಕನ್ನು ಕೊಂದರೆ ಮಹಾಪಾಪ, ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕು ಎಂಬ ನಂಬಿಕೆ. ಹಾಗಾಗಿ ನಾವು ಕೊಲ್ಲಲಿಲ್ಲ. ಗೋಣಿಚೀಲದಲ್ಲಿ ತುಂಬಿ ಸಂತೆಮಾಳದಲ್ಲೋ ಹೊಳೆಯಾಚೆಯೋ ಬಿಟ್ಟು ಬಂದೆವು. ಚಿನ್ನವೂ ಉಳಿಯಿತು, ಪಾಪವೂ ಬರಲಿಲ್ಲ ಎಂಬ ಲೆಕ್ಕ. ತಾಯಿ ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಚೀಲದಲ್ಲಿ ಹೋದ ಮರಿಗೆ ಒಂದು ಮನೆಯೂ ಇಲ್ಲ. ಇವತ್ತಿಗೂ ಆ ಚೀಲ ರಟ್ಟಿನ ಪೆಟ್ಟಿಗೆಯಾಗಿ ತರಕಾರಿ ಮಾರ್ಕೆಟ್ಟಿನ ಮೂಲೆಯಲ್ಲಿ ಕಾಣಸಿಗುತ್ತದೆ.

ಬಿಟ್ಟ ಮರಿಗಳು "ಹೇಗೋ ಬದುಕಿಕೊಳ್ಳುತ್ತವೆ" ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಬೀದಿಬೆಕ್ಕುಗಳ 169 ಮರಿಗಳನ್ನು ಸಂಶೋಧಕರು ಗಮನಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳು ತುಂಬುವಷ್ಟರಲ್ಲಿ 127 ಮರಿಗಳು ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ನಾಲ್ಕರಲ್ಲಿ ಮೂರು. ತಾಯಿಯ ಜೊತೆಗಿದ್ದ ಮರಿಗಳ ಕಥೆಯೇ ಇದು. ಒಂದು ಜೋಡಿ ಬೆಕ್ಕು ಏಳು ವರ್ಷಕ್ಕೆ ಲಕ್ಷಗಟ್ಟಲೆ ಆಗುತ್ತದೆ ಎಂದು ಕೆಲವು ಪೋಸ್ಟರುಗಳಲ್ಲಿ ಬರೆದಿರುತ್ತಾರೆ, ಅದನ್ನು ನಂಬಬೇಡಿ. ಅಷ್ಟಾಗುವುದಿಲ್ಲ, ಏಕೆಂದರೆ ಮರಿಗಳು ಸಾಯುತ್ತವೆ. ನಮ್ಮ ಕಣ್ಣೆದುರು ಬೀದಿಬೆಕ್ಕಿನ ಸಂಖ್ಯೆ ಸ್ಥಿರವಾಗಿದೆ ಅನ್ನಿಸಿದರೆ ಅದರ ಹಿಂದೆ ಇರುವುದು ಈ ಸಾವುಗಳು.

ಕರುಣೆಯ ಸಂಸ್ಥೆಗಳು ಹುಟ್ಟಲಿಲ್ಲವೇ? ಹುಟ್ಟಿದವು. ಲಂಡನ್ನಿನಲ್ಲಿ 1860ರಲ್ಲಿ ಮೇರಿ ಟೀಲ್ಬಿ ಎಂಬ ಹೆಂಗಸು ಬೀದಿನಾಯಿಗಳಿಗೆ ಆಶ್ರಯ ತೆರೆದರು, ಅದೇ ಮುಂದೆ ಬ್ಯಾಟರ್ಸಿ ಎಂದು ಹೆಸರಾಯಿತು. ಬೆಕ್ಕುಗಳಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1883ರಲ್ಲಿ. ಬೆಕ್ಕಿಗೆ ಯಾವಾಗಲೂ ಎರಡನೆಯ ಸಾಲೇ! ಆದರೆ ಆಶ್ರಯ ಕಟ್ಟಿದಷ್ಟೂ ತುಂಬುತ್ತಿತ್ತು. ಅಮೆರಿಕದಲ್ಲಿ 1947ರಲ್ಲಿ ಎಡ್ ಲೋ ಎಂಬಾತ ನೀರು ಹೀರುವ ಜೇಡಿಪುಡಿಯನ್ನು ಬೆಕ್ಕಿನ ಶೌಚಕ್ಕೆಂದು ಮಾರಿದ ಮೇಲೆ ಬೆಕ್ಕು ಪೂರ್ತಿ ಮನೆಯೊಳಗಿನ ಪ್ರಾಣಿಯಾಯಿತು, ಸಾಕುವವರು ಹೆಚ್ಚಿದರು, ಬೇಡದ ಮರಿಗಳೂ ಹೆಚ್ಚಿದವು. 1970ರ ದಶಕದ ಆರಂಭದಲ್ಲಿ ಅಲ್ಲಿನ ಆಶ್ರಯಧಾಮಗಳಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ನಾಯಿ-ಬೆಕ್ಕುಗಳನ್ನು ಸೂಜಿ ಚುಚ್ಚಿಯೋ ಗ್ಯಾಸ್ ಬಿಟ್ಟೋ ಕೊಲ್ಲುತ್ತಿದ್ದರೆಂಬ ಅಂದಾಜಿದೆ. ದಯೆಯ ಬಾಗಿಲಿನಿಂದ ಒಳಗೆ, ಹಿಂಬಾಗಿಲಿನಿಂದ ಹೊರಗೆ.

1971ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತ ಕಡಿಮೆ ದರದ ಸಂತಾನಹರಣ ಚಿಕಿತ್ಸಾಲಯ ತೆರೆಯಿತು. ಅದನ್ನು ನೋಡಿ ಬೇರೆ ಊರುಗಳೂ ತೆರೆದವು. ಆಶ್ರಯದಿಂದ ಮರಿ ಕೊಡುವಾಗಲೇ ಆಪರೇಷನ್ ಮಾಡಿಸಿ ಕೊಡುವ ಪದ್ಧತಿ ಬಂತು. 2019ರ ಹೊತ್ತಿಗೆ ಆ ಕೋಟಿಯ ಲೆಕ್ಕ ಸುಮಾರು 9 ಲಕ್ಷ 20 ಸಾವಿರಕ್ಕೆ ಇಳಿಯಿತು. ಅದರಲ್ಲೂ 5 ಲಕ್ಷ 30 ಸಾವಿರ ಬೆಕ್ಕುಗಳು ಎಂಬುದನ್ನು ಮರೆಯುವಂತಿಲ್ಲ.

ರೋಮ್ ನಗರದ್ದು ಬೇರೆ ದಾರಿ. ಜೂಲಿಯಸ್ ಸೀಸರ್ ಕೊಲೆಯಾದ ಜಾಗ ಎನ್ನುವ ಲಾರ್ಗೊ ಅರ್ಜೆಂಟೀನಾದ ಅವಶೇಷಗಳನ್ನು 1920ರ ದಶಕದ ಕೊನೆಗೆ ಅಗೆದು ತೆಗೆದರು. ರಸ್ತೆಗಿಂತ ಕೆಳಗಿರುವ ಆ ಗುಂಡಿ ಬೆಕ್ಕುಗಳಿಗೆ ಕೋಟೆಯಾಯಿತು. ಅವಕ್ಕೆ ಊಟ ಹಾಕುವ ಹೆಂಗಸರಿಗೆ ಅಲ್ಲಿ "ಗತ್ತಾರೆ" ಎನ್ನುತ್ತಾರೆ. ನಮ್ಮ ಸೊಸೈಟಿಗಳಲ್ಲಿ ಮೀನಿನ ತಲೆ ಹಿಡಿದು ಬರುವ ಆಂಟಿಯರನ್ನು ನೆನೆಸಿಕೊಳ್ಳಿ, ಅದೇ. 1991ರಲ್ಲಿ ಇಟಲಿ 281ನೆಯ ನಂಬರಿನ ಕಾನೂನು ತಂದಿತು. ಬೀದಿಬೆಕ್ಕುಗಳಿಗೆ ಹಿಂಸೆ ಕೊಡುವಂತಿಲ್ಲ, ಸರ್ಕಾರಿ ಆರೋಗ್ಯ ಇಲಾಖೆ ಅವಕ್ಕೆ ಸಂತಾನಹರಣ ಮಾಡಿ ಮತ್ತೆ ಅದೇ ಗುಂಪಿಗೆ ಬಿಡಬೇಕು. ಬೆಕ್ಕನ್ನು ಎತ್ತಿ ಬೇರೆ ಕಡೆ ಎಸೆದರೆ ಆ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ, ಊಟ ಇರುವ ತನಕ ಜಾಗ ಖಾಲಿ ಇರುವುದಿಲ್ಲ. ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗುಗಳಲ್ಲಿ ಈ ಒಂದು ವಾಕ್ಯ ಓದಿದರೆ ಅರ್ಧ ಜಗಳ ಕಡಿಮೆಯಾದೀತು.

ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. ಚೆನ್ನೈನ ಕೇಳುಗರು ಹೆಮ್ಮೆಪಡಬಹುದು, 1959ರಲ್ಲಿ ಅಲ್ಲಿ ಸ್ಥಾಪನೆಯಾದ ಬ್ಲೂ ಕ್ರಾಸ್ 1964ರಲ್ಲೇ ಬೀದಿನಾಯಿಗಳ ಸಂತಾನ ನಿಯಂತ್ರಣ ಶುರು ಮಾಡಿತ್ತು. ಕೇಂದ್ರ ಸರ್ಕಾರದ ನಿಯಮಗಳು ಬಂದದ್ದು 2001ರಲ್ಲಿ. ಆದರೆ ಆ ನಿಯಮದ ಹೆಸರಿನಲ್ಲೇ "ನಾಯಿ" ಎಂದಿತ್ತು. ನಾಯಿ ಕಚ್ಚುತ್ತದೆ, ರೇಬೀಸ್ ಭಯ ಇದೆ, ಅದಕ್ಕೆ ದುಡ್ಡು ಸಿಕ್ಕಿತು. ಬೆಕ್ಕು ಸದ್ದಿಲ್ಲದ ಪ್ರಾಣಿ, ಕಾಯಬೇಕಾಯಿತು. ಮುಂಬಯಿ ಮಹಾನಗರಪಾಲಿಕೆ ಬೆಕ್ಕುಗಳ ಸಂತಾನಹರಣ ಯೋಜನೆ ಕೈಗೆತ್ತಿಕೊಂಡದ್ದು 2019ರ ಹೊತ್ತಿಗೆ. ಬುಕಾನನ್ ಸಲಹೆಯಿಂದ ಎಣಿಸಿದರೆ ನೂರಾಹನ್ನೊಂದು ವರ್ಷ.

ಈಗ ನಿಮ್ಮ ಮನೆಯ ಮಾತು. ಮರಿ ತರಬೇಕೆಂದಿದ್ದರೆ ಎಂಟು ವಾರ ತಾಯಿಯ ಹತ್ತಿರ ಬಿಡಿ. ಆದರೆ ಎರಡರಿಂದ ಏಳು ವಾರದೊಳಗೆ ದಿನಾ ಎತ್ತಿ ಆಡಿಸಿ. ಮನುಷ್ಯರನ್ನು ನಂಬಲು ಮರಿ ಕಲಿಯುವ ವಯಸ್ಸು ಅದೇ. ಆಕಳ ಹಾಲು ಬಹಳ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಹಾಲು ಕಂಡು ಓಡಿದ ರಾಮಕೃಷ್ಣನ ಬೆಕ್ಕೇ ಜಾಣ ಅನ್ನಬೇಕು! ಲಸಿಕೆ ಹಾಕಿಸಿ, ರೇಬೀಸಿನದ್ದೂ ಸೇರಿಸಿ. ಎತ್ತರದ ಫ್ಲ್ಯಾಟಿನಲ್ಲಿದ್ದರೆ ಕಿಟಕಿಗೆ ಬಲೆ ಹೊಡೆಸಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎಂಬ ಮಾತು ಏಳನೇ ಮಹಡಿಗೆ ಸಲ್ಲದು.

ಆಪರೇಷನ್ನಿನ ವಿಷಯ ಮುಂದೂಡಬೇಡಿ. ಹೆಣ್ಣುಮರಿ ನಾಲ್ಕು ತಿಂಗಳಿಗೇ ಗರ್ಭ ಧರಿಸಬಹುದು, ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸಲ. ಐದು ತಿಂಗಳೊಳಗೆ ಮಾಡಿಸುವುದು ಒಳ್ಳೆಯದು, ನಿಮ್ಮ ಪಶುವೈದ್ಯರನ್ನು ಕೇಳಿ. "ಒಂದು ಸಲ ತಾಯಿಯಾಗಲಿ ಪಾಪ" ಎಂದು ನಮ್ಮವರು ತುಂಬಾ ಹೇಳುತ್ತಾರೆ. ಆ ಒಂದು ಸಲದ ನಾಲ್ಕು ಮರಿಗಳನ್ನು ಯಾರಿಗೆ ಕೊಡುತ್ತೀರೆಂದು ಮೊದಲು ಚೀಟಿಯಲ್ಲಿ ನಾಲ್ಕು ಹೆಸರು ಬರೆಯಿರಿ. ಗಂಡುಬೆಕ್ಕಿಗೂ ಮಾಡಿಸಬೇಕು. ನಮ್ಮದು ಗಂಡು, ನಮಗೇನು ಎಂದು ಫೋನಿನಲ್ಲಿ ಹೇಳಿದವರಿಗೆ ನನ್ನ ಉತ್ತರ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

ಮನೆಯೊಳಗೆ ಸಾಕಲು ಆಗದವರು ಬಿಲ್ಡಿಂಗಿನ ತಾಯಿಬೆಕ್ಕಿಗೆ ಆಪರೇಷನ್ ಮಾಡಿಸಬಹುದು. ಖರ್ಚು ನಾಲ್ಕು ಮನೆಯವರು ಹಂಚಿಕೊಂಡರೆ ಭಾರವಲ್ಲ. ಊರಿನ ಪಾಲಿಕೆಯಲ್ಲಿ, ಪ್ರಾಣಿದಯಾ ಸಂಸ್ಥೆಗಳಲ್ಲಿ ವಿಚಾರಿಸಿ. ಆಪರೇಷನ್ ಆದ ಬೀದಿಬೆಕ್ಕಿನ ಒಂದು ಕಿವಿಯ ತುದಿಯನ್ನು, ಸಾಮಾನ್ಯವಾಗಿ ಎಡಗಿವಿಯದ್ದನ್ನು, ಮತ್ತು ಬರಿಸಿದಾಗಲೇ ಸ್ವಲ್ಪ ಕತ್ತರಿಸಿರುತ್ತಾರೆ. ಮತ್ತೆ ಹಿಡಿದು ಹೊಟ್ಟೆ ಕೊಯ್ಯದಿರಲಿ ಅಂತ. ನಾಳೆ ಸ್ಟೇಷನ್ನಿಗೆ ಹೋಗುವಾಗ ಮೀನಿನಂಗಡಿ ಹತ್ತಿರ ಕೂತಿರುವುದರ ಕಿವಿ ನೋಡಿ.